ಯುಗಾದಿಯಿಂದ ನಮ್ಮಲ್ಲಿ ಮೂರೇ ಬಗೆಯ ಏಳು ಸೀಟಿನ ಗಾಡಿ

ಆತ್ಮೀಯ ಗ್ರಾಹಕರೇ,

ನಮಸ್ಕಾರ. ಬರುವ ಯುಗಾದಿಯಿಂದ ನಮ್ಮ ಟ್ರಾವೆಲ್ಸ್‌ನಲ್ಲಿ ಮೂರೇ ಬಗೆಯ ಏಳು ಸೀಟಿನ ಗಾಡಿಗಳು ಇರುತ್ತವೆ: ಟೊಯೋಟಾದ ಇನ್ನೋವಾ ಕ್ರಿಸ್ಟಾ ಡೀಸೆಲ್, ಮಾರುತಿಯ ಎರ್ಟಿಗಾ ಸಿಎನ್‌ಜಿ (ಗ್ಯಾಸ್) ಮತ್ತು ಟೊಯೋಟಾದ್ದೇ ಇನ್ನೋವಾ ಹೈಕ್ರಾಸ್ ಹೈಬ್ರಿಡ್ (ಪೆಟ್ರೋಲಿನ ಜೊತೆ ಬ್ಯಾಟರಿಯ ಮೇಲೂ ಓಡುವುದು). ಉಳಿದವನ್ನು ಮಾರುತ್ತಿದ್ದೇವೆ. ಇಷ್ಟು ದಿನ ಫೋನ್ ಮಾಡಿ ‘ಏಳು ಸೀಟಿನ ಒಂದು ಗಾಡಿ ಕಳಿಸಿ’ ಅಂದರೆ ಸಾಕಾಗುತ್ತಿತ್ತು. ಇನ್ನು ಮೇಲೆ ಎಲ್ಲಿಗೆ ಹೋಗುತ್ತೀರಿ, ಎಷ್ಟು ಜನ, ಲಗೇಜು ಎಷ್ಟು, ವಯಸ್ಸಾದವರು ಇದ್ದಾರೆಯೇ ಎಂದು ನಾವೇ ಕೇಳುತ್ತೇವೆ. ಅದಕ್ಕೆ ತಕ್ಕ ಗಾಡಿ ಯಾವುದೆಂದು ಹೇಳಿ, ಮಾಡೆಲ್ ಹೆಸರನ್ನು ಬುಕಿಂಗ್ ಮೆಸೇಜಿನಲ್ಲೂ ಬಿಲ್ಲಿನಲ್ಲೂ ಬರೆಯುತ್ತೇವೆ. ಬರೆದ ಮಾಡೆಲ್ಲೇ ನಿಮ್ಮ ಮನೆ ಬಾಗಿಲಿಗೆ ಬರುತ್ತದೆ. ದರಗಳೂ ಬದಲಾಗಿವೆ, ಅದನ್ನು ಕೊನೆಯಲ್ಲಿ ಬರೆದಿದ್ದೇನೆ.

ಈ ಸುದ್ದಿ ಬಾಯಿಂದ ಬಾಯಿಗೆ ಹೋಗಿ ಈಗಾಗಲೇ ಕೆಲವರು ಕೇಳಿಯಾಗಿದೆ: ಕಿಯಾ ಕ್ಯಾರೆನ್ಸ್ ಯಾಕೆ ತರಲಿಲ್ಲ? ಮರಾಜೋ ಚೆನ್ನಾಗಿರಲಿಲ್ಲವೇ? ಎಲ್ಲಾ ಹೈಬ್ರಿಡ್ ಆಗುತ್ತಿರುವಾಗ ಡೀಸೆಲ್ ಯಾಕೆ? ನ್ಯಾಯವಾದ ಪ್ರಶ್ನೆಗಳು. ಹಾಗಾಗಿ ಒಂದು ಸಾಲಿನ ನೋಟೀಸು ಹಾಕುವ ಬದಲು ಈ ಪತ್ರ.

ಮೊದಲು ಒಂದು ಮಾತು. ಮನೆಗೆ ಕಾರು ಕೊಳ್ಳುವವರ ಲೆಕ್ಕ ಬೇರೆ, ಬಾಡಿಗೆಗೆ ಓಡಿಸುವವರ ಲೆಕ್ಕ ಬೇರೆ. ಮನೆ ಕಾರು ವರ್ಷಕ್ಕೆ ಹತ್ತು ಹನ್ನೆರಡು ಸಾವಿರ ಕಿಲೋಮೀಟರ್ ಓಡಿದರೆ ಹೆಚ್ಚು. ಸೀಸನ್ನಿನಲ್ಲಿ ನಮ್ಮ ಗಾಡಿ ಅಷ್ಟನ್ನು ಎರಡು ತಿಂಗಳಲ್ಲಿ ಮುಗಿಸುತ್ತದೆ, ಅದೂ ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿದು ಹತ್ತಿ. ಆದ್ದರಿಂದ ‘ಕೆಡುವುದಿಲ್ಲ’ ಎನ್ನುವ ಗಾಡಿಯನ್ನು ನಾವು ಹುಡುಕುವುದಿಲ್ಲ. ಯಂತ್ರ ಅಂದಮೇಲೆ ಕೆಡುತ್ತದೆ. ಕೆಟ್ಟರೆ ಎಲ್ಲಿ ಕೆಡುತ್ತದೆ, ಸ್ಪೇರು ಯಾವ ಊರಲ್ಲಿ ಸಿಗುತ್ತದೆ, ಕೈಹಾಕುವ ಮೆಕ್ಯಾನಿಕ್ ಹತ್ತಿರ ಇದ್ದಾನೆಯೇ, ಸಂಜೆಯೊಳಗೆ ಮತ್ತೆ ರಸ್ತೆಗೆ ಬರುತ್ತದೆಯೇ ಎಂಬುದನ್ನು ನೋಡುತ್ತೇವೆ. ನಂಬಿಕೆಯ ಗಾಡಿ ಅಂದರೆ ನಮ್ಮ ಪಾಲಿಗೆ ಇಷ್ಟೇ.

ಕಳೆದ ಹದಿನೈದು ವರ್ಷಗಳಲ್ಲಿ ಈ ಕುಟುಂಬದ ಗಾಡಿಗಳ ಸಾಲಿನಲ್ಲಿ ಬಂದು ಹೋದವನ್ನು ನೆನೆಸಿಕೊಳ್ಳಿ. ಹೋಂಡಾ ಮೊಬಿಲಿಯೊ 2014ರಲ್ಲಿ ಬಂತು, 2017ಕ್ಕೆ ಮುಗಿಯಿತು. ರೆನೋ ಲಾಡ್ಜಿ 2015ರಲ್ಲಿ ಬಂದು 2020ರ ಬಿಎಸ್ 6 ಹೊಗೆ ನಿಯಮದ ಹೊತ್ತಿಗೆ ಹೋಯಿತು. ಟವೇರಾ ತಯಾರಿಸುತ್ತಿದ್ದ ಜನರಲ್ ಮೋಟರ್ಸ್ 2017ರ ಕೊನೆಗೆ ಭಾರತದಲ್ಲಿ ಮಾರಾಟವನ್ನೇ ನಿಲ್ಲಿಸಿತು. ಮಹೀಂದ್ರಾ ಮರಾಜೋ 2018ರ ಸೆಪ್ಟೆಂಬರಿನಲ್ಲಿ ಬಂತು. ಆ ವರ್ಷವೇ ಗ್ಲೋಬಲ್ ಎನ್‌ಕ್ಯಾಪ್ ಎಂಬ ಅಪಘಾತ ಸುರಕ್ಷತೆಯ ಪರೀಕ್ಷೆಯಲ್ಲಿ ಐದಕ್ಕೆ ನಾಲ್ಕು ನಕ್ಷತ್ರ ಪಡೆಯಿತು, ಹಿಂದಿನ ಸೀಟಿನವರಿಗೂ ಒಳ್ಳೆಯ ಎಸಿ ಕೊಟ್ಟಿತು. ಆದರೂ ಈಗ ಅದೂ ನಿಂತಿದೆ. ಇವುಗಳಲ್ಲಿ ಒಳ್ಳೆಯ ಗಾಡಿಗಳು ಇರಲಿಲ್ಲ ಎಂದು ನಾನು ಹೇಳಲಾರೆ. ಆದರೆ ತಯಾರಿ ನಿಂತ ಮೇಲೆ ಸ್ಪೇರಿನ ದಾರಿ ನಿಧಾನವಾಗಿ ಕಿರಿದಾಗುತ್ತದೆ. ನಿಂತುಹೋದ ಮಾಡೆಲ್ಲಿನ ಗಾಡಿ ನಮ್ಮಲ್ಲೂ ಇತ್ತು, ಯಾವುದೆಂಬುದು ಬೇಡ. ಸುಬ್ರಹ್ಮಣ್ಯದ ಪಾರ್ಕಿಂಗ್‌ನಲ್ಲಿ ಅದರ ಕ್ಲಚ್ ಹೋಯಿತು. ಎಂಜಿನ್ನಿಗೇನೂ ಆಗಿರಲಿಲ್ಲ, ಬೇಕಾದದ್ದು ಕ್ಲಚ್ಚಿನ ಒಂದು ಸಣ್ಣ ಸಿಲಿಂಡರು. ಅದು ಬೆಂಗಳೂರಿನಿಂದ ಪಾರ್ಸೆಲ್ ಬರುವವರೆಗೆ ಗಾಡಿ ಅಲ್ಲೇ ನಿಂತಿತ್ತು. ಪೂಜೆ ಮುಗಿಸಿ ಬಂದ ಕುಟುಂಬಕ್ಕೆ ಹಾಸನದಿಂದ ಬೇರೆ ಗಾಡಿ ಕಳಿಸಿದೆವು. ಕಾಯುವಾಗ ಅವರ ಮನೆಯ ಅಜ್ಜಿ ನಮ್ಮ ಡ್ರೈವರಿಗೇ ಬಾಳೆಹಣ್ಣು ಕೊಟ್ಟು ‘ನೀನೇನು ಮಾಡ್ತೀಯಪ್ಪ’ ಅಂದರಂತೆ. ಅಂಥ ಗ್ರಾಹಕರು ಸಿಕ್ಕಿದ್ದು ನಮ್ಮ ಪುಣ್ಯ.

ಈಗ ಕ್ರಿಸ್ಟಾ. ಬಿಡದಿಯಲ್ಲಿ ತಯಾರಾಗುವ ಗಾಡಿ, ಇದರ ವಂಶ ನಮಗೆ ಗೊತ್ತಿರುವುದೇ. 2000ದಲ್ಲಿ ಕ್ವಾಲಿಸ್ ಬಂದಾಗ ‘ಡಬ್ಬದ ಹಾಗಿದೆ’ ಎಂದು ನಕ್ಕವರೇ ಆಮೇಲೆ ಅದಕ್ಕೆ ಕ್ಯೂ ನಿಂತರು. ಚೆನ್ನಾಗಿ ಮಾರಾಟವಾಗುತ್ತಿದ್ದಾಗಲೇ ಕಂಪನಿ ಅದನ್ನು ನಿಲ್ಲಿಸಿ 2005ರಲ್ಲಿ ಇನ್ನೋವಾ ತಂದಿತು, 2016ರಲ್ಲಿ ಕ್ರಿಸ್ಟಾ. 2022ರಲ್ಲಿ ಕ್ರಿಸ್ಟಾ ಡೀಸೆಲ್ ಬುಕಿಂಗ್ ನಿಲ್ಲಿಸಿದಾಗ ನಮ್ಮಂಥವರಿಗೆಲ್ಲ ತಲೆಬಿಸಿಯಾಗಿತ್ತು. 2023ರಲ್ಲಿ 2.4 ಲೀಟರ್ ಡೀಸೆಲ್ ಎಂಜಿನ್, ಮ್ಯಾನ್ಯುವಲ್ ಗೇರ್ ಮಾತ್ರ ಇಟ್ಟು ಮತ್ತೆ ತಂದರು.

ಘಾಟಿಯಲ್ಲಿ ಇದರ ಬೆಲೆ ಗೊತ್ತಾಗುವುದು ಟಾರ್ಕಿನಿಂದ, ಅಂದರೆ ಎಂಜಿನ್ ತಿರುಗಿಸುವ ಬಲದಿಂದ. ಕ್ರಿಸ್ಟಾದ್ದು 343 ಎನ್‌ಎಂ (ನ್ಯೂಟನ್ ಮೀಟರ್). ಸಿಎನ್‌ಜಿಯಲ್ಲಿ ಓಡುವಾಗ ಎರ್ಟಿಗಾದ್ದು 121.5. ಕ್ರಿಸ್ಟಾ ತೂಕದ ಗಾಡಿ, ಎರ್ಟಿಗಾ ಹಗುರ, ಆದ್ದರಿಂದ ಖಾಲಿ ಗಾಡಿಯಲ್ಲಿ ಈ ಅಂತರ ಅಷ್ಟು ಕಾಣುವುದಿಲ್ಲ. ಏಳು ಜನ, ಮೇಲೆ ಲಗೇಜು, ಗುಂಡ್ಯದಿಂದ ಮಾರನಹಳ್ಳಿ ಕಡೆಗೆ ಏರು, ಮುಂದೆ ಮಂಗಳೂರು ಬಂದರಿನಿಂದ ಬರುತ್ತಿರುವ ಟ್ಯಾಂಕರ್ ಸಾಲು. ಅಲ್ಲಿ ಒಂದನ್ನು ಹಿಂದೆ ಹಾಕಬೇಕಾದರೆ ಎಂಜಿನ್ ಕೂಡಲೇ ಎಳೆಯಬೇಕು. ಇದು ಎರ್ಟಿಗಾದ ದೋಷವಲ್ಲ. ಒಂದೂವರೆ ಲೀಟರಿನ ಎಂಜಿನ್ನು ಆ ಕೆಲಸಕ್ಕೆಂದು ಮಾಡಿದ್ದಲ್ಲ, ಅಷ್ಟೇ. ಹಾಗಾಗಿ ಧರ್ಮಸ್ಥಳ, ಸುಬ್ರಹ್ಮಣ್ಯ, ಹೊರನಾಡು, ಶಬರಿಮಲೆ, ತಿರುಪತಿ ಕಡೆ ಐವರಿಗಿಂತ ಹೆಚ್ಚು ಜನ ಹೋಗುವುದಾದರೆ ಕ್ರಿಸ್ಟಾ ಮಾತ್ರ ಕೊಡುತ್ತೇವೆ.

ಆದರೆ ಕ್ರಿಸ್ಟಾವನ್ನು ಊರೊಳಗಿನ ಸಣ್ಣ ಪುಟ್ಟ ಬಾಡಿಗೆಗೆ ಇನ್ನು ಕಳಿಸುವುದಿಲ್ಲ. ಬಿಎಸ್ 6 ಬಂದಮೇಲೆ ಡೀಸೆಲ್ ಗಾಡಿಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಡಿಪಿಎಫ್ ಎಂಬ ಜಾಲರಿ ಇರುತ್ತದೆ. ಹೈವೇಯಲ್ಲಿ ಒಂದೇ ಸಮನೆ ಓಡಿದಾಗ ಅದು ಬಿಸಿಯಾಗಿ ಮಸಿಯನ್ನು ಸುಟ್ಟುಕೊಳ್ಳುತ್ತದೆ. ಬಸ್ ಸ್ಟ್ಯಾಂಡಿನಿಂದ ಕಲ್ಯಾಣ ಮಂಟಪ, ಮಂಟಪದಿಂದ ಲಾಡ್ಜು ಎಂದು ಇಡೀ ದಿನ ತಿರುಗಿಸಿದರೆ ಮಸಿ ಕಟ್ಟಿ ಲೈಟು ಹತ್ತುತ್ತದೆ. ಇದು ಯಾವ ಕಂಪನಿಯ ಡೀಸೆಲ್ ಗಾಡಿಗೂ ಅನ್ವಯಿಸುವ ಮಾತು. ಮದುವೆ ಮನೆಯವರು ‘ಇನ್ನೋವಾನೇ ಬೇಕು’ ಎಂದು ಹಟ ಹಿಡಿದರೆ ಅಲ್ಲಿಗೆ ಹೈಕ್ರಾಸ್ ಇದೆ.

ಹೈಕ್ರಾಸ್ ಹೆಸರಿಗೆ ಇನ್ನೋವಾ, ಒಳಗೆ ಬೇರೆಯೇ ಗಾಡಿ. ಕ್ರಿಸ್ಟಾ ಹಳೆಯ ಜೀಪಿನಂತೆ ಚಾಸಿ ಎಂಬ ಉಕ್ಕಿನ ಚೌಕಟ್ಟಿನ ಮೇಲೆ ಬಾಡಿ ಕೂರಿಸಿದ್ದು, ಹಿಂದಿನ ಚಕ್ರ ಎಳೆಯುತ್ತದೆ. ಹೈಕ್ರಾಸ್‌ನಲ್ಲಿ ಬಾಡಿಯೇ ಚಾಸಿ, ಮುಂದಿನ ಚಕ್ರ ಎಳೆಯುತ್ತದೆ. ಗುಂಡಿ ರಸ್ತೆಗೆ ಕ್ರಿಸ್ಟಾ ಗಟ್ಟಿ, ಆದರೆ ಕೊನೆಯ ಸಾಲಿನವರಿಗೆ ಕುಲುಕಾಟ ಗೊತ್ತಾಗುತ್ತದೆ. ಹೈಕ್ರಾಸಿನ ಹೈಬ್ರಿಡ್‌ಗೆ ಕಂಪನಿ ಹೇಳುವ ಮೈಲೇಜು ಲೀಟರಿಗೆ 23.24 ಕಿಲೋಮೀಟರ್. ಕಾಗದದ ಮೈಲೇಜು ಕಾಗದದಲ್ಲೇ ಇರುತ್ತದೆ, ಅದನ್ನು ನಾನೂ ನಂಬುವುದಿಲ್ಲ. ಆದರೆ ಟ್ರಾಫಿಕ್ಕಿನಲ್ಲಿ ನಿಂತು ನಿಂತು ಹೋಗುವಾಗ ಬ್ಯಾಟರಿ ಮೇಲೆ ಓಡಿ ಪೆಟ್ರೋಲ್ ಉಳಿಸುವುದು ನಿಜ. ನೆಲಮಂಗಲ ದಾಟಿ ವಿಮಾನ ನಿಲ್ದಾಣ ಮುಟ್ಟುವವರೆಗಿನ ದಾರಿಗೆ ಹೇಳಿ ಮಾಡಿಸಿದ್ದು. ಇದರಲ್ಲಿ ಕ್ಲಚ್ ಪ್ಲೇಟು ಎಂಬುದೇ ಇಲ್ಲ, ಸವೆಯುವ ದೊಡ್ಡ ಖರ್ಚೊಂದು ಕಡಿಮೆ. ‘ಬ್ಯಾಟರಿ ಹೋದರೆ?’ ಎಂದು ಎಲ್ಲರೂ ಕೇಳುತ್ತಾರೆ. ಅದಕ್ಕೆ ಕಂಪನಿ 8 ವರ್ಷ ಅಥವಾ 1,60,000 ಕಿಲೋಮೀಟರ್ ವಾರಂಟಿ ಕೊಡುತ್ತದೆ. ಬಾಡಿಗೆ ಗಾಡಿಗೆ ವರ್ಷಗಳ ಮುಂಚೆ ಕಿಲೋಮೀಟರೇ ಮುಗಿಯುತ್ತದೆ, ಆದ್ದರಿಂದ ಆ ಮಿತಿ ಹತ್ತಿರವಾಗುತ್ತಿದ್ದಂತೆ ಗಾಡಿ ಬದಲಿಸುವುದೆಂದು ಲೆಕ್ಕ ಹಾಕಿಯೇ ದರ ಇಟ್ಟಿದ್ದೇವೆ.

ಅಮೆರಿಕದಿಂದ ರಜೆಗೆ ಬರುವ ಮಕ್ಕಳು ಮೊಮ್ಮಕ್ಕಳಿಗಾಗಿ ಗಾಡಿ ಹೇಳುವವರು ನಮ್ಮಲ್ಲಿ ಬಹಳ. ಅಲ್ಲಿ ಟೊಯೋಟಾ ಸಿಯೆನಾ, ಹೋಂಡಾ ಒಡಿಸ್ಸಿ ಓಡಿಸಿ ರೂಢಿಯಾದವರು ಪಕ್ಕಕ್ಕೆ ಜಾರುವ ಬಾಗಿಲಿನ ಗಾಡಿ ಕೇಳುತ್ತಾರೆ. ನಮ್ಮ ದೇಶದಲ್ಲಿ ಅದು ಬೇಕೆಂದರೆ ಕಿಯಾ ಕಾರ್ನಿವಲ್ ಇದೆ, 2024ರ ಅಕ್ಟೋಬರಿನಲ್ಲಿ ಹೊಸದು ಬಂದಾಗ ಶೋರೂಮ್ ಬೆಲೆ 63.90 ಲಕ್ಷ. ಆ ದುಡ್ಡಿಗೆ ಹಾಸನದಲ್ಲಿ ಬಾಡಿಗೆ ಹುಟ್ಟುವುದಿಲ್ಲ. ಅವರಿಗೂ ಹೈಕ್ರಾಸೇ ಹತ್ತಿರ: 2021ರ ಮಾಡೆಲ್ಲಿನಿಂದ ಸಿಯೆನಾ ಹೈಬ್ರಿಡ್‌ನಲ್ಲಿ ಮಾತ್ರ ಬರುತ್ತದೆ, ಎರಡರ ಹೈಬ್ರಿಡ್ ವ್ಯವಸ್ಥೆಯ ಮೂಲ ಒಂದೇ. ಮಗುವಿನ ಸೀಟು ನೀವೇ ತಂದರೆ ಮಧ್ಯದ ಸಾಲಿನ ಐಸೋಫಿಕ್ಸ್ ಕೊಂಡಿಗೆ ಡ್ರೈವರ್ ಕೂರಿಸಿಕೊಡುತ್ತಾರೆ.

ಎರ್ಟಿಗಾ ವಿಷಯಕ್ಕೆ ಬರುತ್ತೇನೆ. ಹತ್ತುವ ಮೆಟ್ಟಿಲು ತಗ್ಗು. ಮಂಡಿನೋವಿನವರು ಒಂದು ಕೈಯಲ್ಲಿ ಸೆರಗು, ಒಂದು ಕೈಯಲ್ಲಿ ಬಾಗಿಲ ಹಿಡಿ ಹಿಡಿದು, ಯಾರ ಹೆಗಲೂ ಬೇಡದೆ ಒಳಗೆ ಕೂರುತ್ತಾರೆ. ಕ್ರಿಸ್ಟಾ ಹತ್ತುವಾಗ ಅವರಿಗೇ ಸಣ್ಣ ಸ್ಟೂಲು ಬೇಕು (ಎಲ್ಲಾ ಕ್ರಿಸ್ಟಾಗಳಲ್ಲೂ ಇಟ್ಟಿದ್ದೇವೆ, ನಾಚಿಕೆ ಬಿಟ್ಟು ಕೇಳಿ). ಸ್ಪೇರು, ಸರ್ವಿಸು ತಾಲೂಕು ಊರುಗಳಲ್ಲೂ ಸಿಗುತ್ತದೆ. ಬೇಲೂರು, ಹಳೇಬೀಡು, ಶ್ರವಣಬೆಳಗೊಳ ಸುತ್ತಿಗೆ, ನಾಲ್ಕೈದು ಜನರ ಬೆಂಗಳೂರು ಪ್ರಯಾಣಕ್ಕೆ ಇದಕ್ಕಿಂತ ಅಗ್ಗದ, ಹಟ ಮಾಡದ ಗಾಡಿ ನಮಗೆ ಸಿಕ್ಕಿಲ್ಲ.

ಆದರೆ ಸಿಎನ್‌ಜಿ ಸಿಲಿಂಡರು ಕೂರುವುದು ಡಿಕ್ಕಿಯಲ್ಲಿ, ಕೊನೆಯ ಸಾಲಿನ ಬೆನ್ನಿಗೆ. ಏಳು ಸೀಟೂ ಎತ್ತಿದರೆ ಹಿಂದೆ ಉಳಿಯುವುದು ಊಟದ ಬುಟ್ಟಿ, ಒಂದೆರಡು ಕೈಚೀಲದ ಜಾಗ. ವಿಮಾನಕ್ಕೆ ದೊಡ್ಡ ಸೂಟ್‌ಕೇಸ್ ಇದ್ದರೆ ಕೊನೆಯ ಸಾಲು ಮಡಚಿ, ನಾಲ್ವರಿಗೆ ಮಾತ್ರ ಎರ್ಟಿಗಾ ಕೊಡುತ್ತೇವೆ. ಗ್ಯಾಸ್ ತುಂಬಿಸುವುದು ನಿಮ್ಮನ್ನು ಹತ್ತಿಸಿಕೊಳ್ಳುವ ಮುಂಚೆ ಡ್ರೈವರಿನ ಕೆಲಸ. ದಾರಿಯಲ್ಲಿ ಮುಗಿದರೆ ಪೆಟ್ರೋಲಿನಲ್ಲಿ ಓಡಿಸುತ್ತಾರೆ, ಹೆಚ್ಚಿನ ಖರ್ಚು ನಮ್ಮದು. ನಿಮ್ಮನ್ನು ಕೂರಿಸಿಕೊಂಡು ಬಂಕಿನ ಕ್ಯೂನಲ್ಲಿ ನಿಲ್ಲುವಂತಿಲ್ಲ ಎಂದು ಕಟ್ಟುನಿಟ್ಟಾಗಿ ಹೇಳಿದ್ದೇವೆ.

ಸುರಕ್ಷತೆಯ ಮಾತನ್ನು ಮುಚ್ಚಿಡುವುದು ಸರಿಯಲ್ಲ. ಹೈಕ್ರಾಸಿಗೆ 2025ರಲ್ಲಿ ನಮ್ಮ ದೇಶದ್ದೇ ಪರೀಕ್ಷೆಯಾದ ಭಾರತ್ ಎನ್‌ಕ್ಯಾಪ್ ಐದು ನಕ್ಷತ್ರ ಕೊಟ್ಟಿದೆ. ಎರ್ಟಿಗಾಗೆ 2019ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಮೂರು ಕೊಟ್ಟಿತ್ತು. 2024ರಲ್ಲಿ, ಇಲ್ಲಿ ತಯಾರಾಗಿ ಆಫ್ರಿಕಾದಲ್ಲಿ ಮಾರುವ ಎರಡು ಏರ್‌ಬ್ಯಾಗಿನ ಗಾಡಿಗೆ, ಬಿಗಿಯಾದ ಹೊಸ ನಿಯಮದಲ್ಲಿ, ದೊಡ್ಡವರ ರಕ್ಷಣೆಗೆ ಒಂದೇ ನಕ್ಷತ್ರ ಬಂತು. 2025ರಲ್ಲಿ ಇಲ್ಲಿನ ಎರ್ಟಿಗಾಗೆ ಆರು ಏರ್‌ಬ್ಯಾಗ್ ಬಂದಿವೆ. ನಾವು ತರುತ್ತಿರುವುದು ಆರು ಏರ್‌ಬ್ಯಾಗಿನದೇ, ಆದರೆ ಏರ್‌ಬ್ಯಾಗ್ ಹೆಚ್ಚಾದ ಮಾತ್ರಕ್ಕೆ ಬಾಡಿ ಗಟ್ಟಿಯಾಗುವುದಿಲ್ಲ. ಅದಕ್ಕೇ ರಾತ್ರಿ ಹತ್ತರ ಮೇಲೆ ಘಾಟಿಗೆ ಎರ್ಟಿಗಾ ಕಳಿಸುವುದಿಲ್ಲ. ಮತ್ತು ಮೂರೂ ಗಾಡಿಗಳಲ್ಲಿ ಕೊನೆಯ ಸಾಲಿನವರೂ ಬೆಲ್ಟ್ ಹಾಕಿದ ಮೇಲೆಯೇ ಗಾಡಿ ಹೊರಡುತ್ತದೆ. ಡ್ರೈವರ್ ಮೇಲೆ ದಯವಿಟ್ಟು ರೇಗಬೇಡಿ.

ಕ್ಯಾರೆನ್ಸ್ ಬಗ್ಗೆ ಹೇಳಿಬಿಡುತ್ತೇನೆ. 2022ರಲ್ಲಿ ಬಂದಾಗಿನಿಂದ ಎಲ್ಲಾ ಮಾಡೆಲ್ಲಿಗೂ ಆರು ಏರ್‌ಬ್ಯಾಗ್ ಕೊಟ್ಟಿರುವ ಗಾಡಿ, 2024ರ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ದೊಡ್ಡವರಿಗೆ ಮೂರು, ಮಕ್ಕಳಿಗೆ ಐದು ನಕ್ಷತ್ರ. ತಯಾರಾಗುವುದೂ ನಮ್ಮ ಗಡಿಯಾಚೆಯ ಪೆನುಕೊಂಡದ ಬಳಿ. ಏರ್‌ಬ್ಯಾಗ್ ಸಾಫ್ಟ್‌ವೇರ್ ಪರೀಕ್ಷೆಗೆಂದು 2022ರ ಅಕ್ಟೋಬರಿನಲ್ಲಿ 44,174 ಗಾಡಿಗಳನ್ನು ವಾಪಸ್ ಕರೆಸಿದ್ದನ್ನು ಹಿಡಿದು ಕೆಲವರು ಆಡಿಕೊಳ್ಳುತ್ತಾರೆ. ವಾಪಸ್ ಕರೆಸಿ ಸರಿಮಾಡುವುದನ್ನು ನಾನು ಒಳ್ಳೆಯ ಲಕ್ಷಣವೆಂದೇ ಎಣಿಸುತ್ತೇನೆ. ಟೊಯೋಟಾದವರೂ 2024ರ ಜನವರಿಯಲ್ಲಿ ಡೀಸೆಲ್ ಎಂಜಿನ್ ಶಕ್ತಿಯ ಪ್ರಮಾಣ ಪರೀಕ್ಷೆಯಲ್ಲಿನ ಅಕ್ರಮದ ಕಾರಣ ಕ್ರಿಸ್ಟಾ ಸರಬರಾಜನ್ನು ಕೆಲ ದಿನ ನಿಲ್ಲಿಸಿದ್ದರು. ಮನೆಗೆ ಕೊಳ್ಳುವವರು ಕ್ಯಾರೆನ್ಸ್ ಓಡಿಸಿ ನೋಡಿ ಎಂದು ನಾನೇ ಹೇಳುತ್ತೇನೆ. ನಾವು ತರದಿರಲು ಕಾರಣ ಒಂದೇ: ನಾಲ್ಕನೇ ಬಗೆಯ ಗಾಡಿ ಬಂದರೆ ನಾಲ್ಕನೇ ಬಗೆಯ ಸ್ಪೇರು, ನಾಲ್ಕನೇ ಮೆಕ್ಯಾನಿಕ್.

ದರ ಹೀಗಿದೆ. ಹೊರಊರಿಗೆ ಕಿಲೋಮೀಟರಿಗೆ ಎರ್ಟಿಗಾ 15 ರೂಪಾಯಿ, ಕ್ರಿಸ್ಟಾ 20, ಹೈಕ್ರಾಸ್ 23. ದಿನಕ್ಕೆ ಕನಿಷ್ಠ 300 ಕಿಲೋಮೀಟರ್, ಡ್ರೈವರ್ ಬಾಟಾ 500. ಟೋಲು, ಪಾರ್ಕಿಂಗ್, ಹೊರರಾಜ್ಯದ ತೆರಿಗೆ, ಶೇ. 5 ಜಿಎಸ್‌ಟಿ ಬೇರೆ. ಎರ್ಟಿಗಾ ಕೇಳಿದವರಿಗೆ ನಮ್ಮ ನಿಯಮದಿಂದಲೇ ಕ್ರಿಸ್ಟಾ ಕೊಡಬೇಕಾಗಿ ಬಂದರೆ ದರದ ವ್ಯತ್ಯಾಸವನ್ನು ಫೋನಿನಲ್ಲೇ ಹೇಳುತ್ತೇವೆ. ಒಪ್ಪಿಗೆಯಾಗದಿದ್ದರೆ ಬುಕಿಂಗ್ ಆಗುವುದಿಲ್ಲ, ಬೇಸರವೂ ಇಲ್ಲ. ಬರೆದ ಮಾಡೆಲ್ ಕೊಡಲಾಗದೆ ದೊಡ್ಡ ಗಾಡಿ ಕಳಿಸಿದರೆ ಸಣ್ಣದರ ದರವನ್ನೇ ತೆಗೆದುಕೊಳ್ಳುತ್ತೇವೆ.

ವೈಶಾಖದ ಮದುವೆಗಳಿಗೆ ಈಗಾಗಲೇ ಅಡ್ವಾನ್ಸ್ ಕೊಟ್ಟವರಿಗೆ ಹಳೆಯ ದರವೇ. ಅವರ ರಸೀದಿಯಲ್ಲಿ ಮಾಡೆಲ್ ಬರೆದಿಲ್ಲ, ಆದ್ದರಿಂದ ಆಫೀಸಿಗೆ ಬಂದೋ ಫೋನ್ ಮಾಡಿಯೋ ಬರೆಸಿಕೊಳ್ಳಿ. ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಎಂಟರವರೆಗೆ ಯಾರಾದರೂ ಇರುತ್ತಾರೆ.

ಇತಿ ನಿಮ್ಮ ವಿಶ್ವಾಸಿ,
ಮಾಲೀಕರು ಮತ್ತು ಡ್ರೈವರ್ ಬಳಗ, ಹಾಸನ