ಡಬ್ಬಿಗಳನ್ನು ಹಿಂದಿರುಗಿಸುವ ಮುನ್ನ

ಕಳೆದ ಗುರುವಾರ ಮಧ್ಯಾಹ್ನ ಸಮಾಜ ಕಾರ್ಯಕರ್ತೆ ಮನೆಗೆ ಬಂದಿದ್ದರು. ಚಿಕ್ಕವಳ ಶಾಲೆಯ ನೋಟ್‌ಬುಕ್ ತಿರುವಿ ಹಾಕಿದರು, ಎತ್ತರ ತೂಕ ಬರೆದುಕೊಂಡರು, ಅವಳ ಜೊತೆ ಹಿತ್ತಲಿಗೆ ಹೋಗಿ ಪೇರಲ ಗಿಡ ನೋಡಿ ಬಂದರು. ದತ್ತು ಪಡೆದ ಮೇಲೆ ಆರು ತಿಂಗಳಿಗೊಮ್ಮೆ, ಎರಡು ವರ್ಷ ಹೀಗೆ ಬಂದು ವರದಿ ಬರೆಯಬೇಕೆಂದು ನಿಯಮ. ಇದು ನಾಲ್ಕನೆಯ ಭೇಟಿ, ಕೊನೆಯದು. ಹೊಸ್ತಿಲಾಚೆ ಚಪ್ಪಲಿ ಮೆಟ್ಟುತ್ತಾ, "ಇನ್ನ ನಾ ಕೆಲಸಕ್ಕ ಬರೂದಿಲ್ಲ್ರಿ. ಬಂದ್ರ ಚಾ ಕುಡಿಯಾಕ ಬರ್ತೀನಿ" ಅಂದರು. ಅವರು ಗೇಟು ದಾಟಿದ ಮೇಲೆ ನಾನು ಅಡುಗೆಮನೆಯಲ್ಲಿ ನಿಂತು ಸಾಕಷ್ಟು ಹೊತ್ತು ಅತ್ತೆ.

ಹೇಳಬೇಕಾದ ಕೃತಜ್ಞತೆ ಎರಡು ವರ್ಷದಿಂದ ಒಳಗೇ ಉಳಿದಿದೆ. ಇವತ್ತು ಎಲ್ಲರೆದುರು ಹೇಳುತ್ತಿದ್ದೇನೆ. ಮಗಳ ಹೆಸರು, ಅವಳು ಎಲ್ಲಿಂದ ಬಂದಳೆಂಬುದು, ಇವೆರಡನ್ನೂ ಬರೆಯುವುದಿಲ್ಲ. ಅದು ಅವಳ ಕಥೆ. ದೊಡ್ಡವಳಾದ ಮೇಲೆ ಹೇಳಬೇಕೆನಿಸಿದರೆ ಅವಳೇ ಹೇಳಲಿ.

ಮೊದಲ ಋಣ ಅಮೆರಿಕದ ಟೆನೆಸ್ಸಿಯಲ್ಲಿರುವ, ಈ ಬರಹವನ್ನು ಎಂದೂ ಓದದ ಗಂಡ ಹೆಂಡತಿಯದು. ನಾನು ಪಿಯುಸಿಯಲ್ಲಿದ್ದಾಗ ಅಣ್ಣ ಮಸ್ಕತ್‌ನಿಂದ ಒಂದಷ್ಟು ಕ್ಯಾಸೆಟ್ ತಂದಿದ್ದ. ಅದರಲ್ಲೊಂದು ಆ ಗಂಡನದು, ಕ್ರೈಸ್ತ ಗಾಯಕ ಸ್ಟೀವನ್ ಕರ್ಟಿಸ್ ಚಾಪ್ಮನ್ ಅವರದು. ಧಾರವಾಡದ ನಮ್ಮ ಸಭೆಯಲ್ಲಿ ಬಾಸೆಲ್ ಮಿಶನ್ ಕಾಲದ ಸಂಗೀತಗಳನ್ನು ಹಾರ್ಮೋನಿಯಂ ಶ್ರುತಿಗೆ ನಿಧಾನವಾಗಿ ಹಾಡಿ ಬೆಳೆದವಳು ನಾನು. ಗಿಟಾರ್ ಹಿಡಿದು, ಓಡುವ ಕುದುರೆಯ ಲಯದಲ್ಲಿ ದೇವರ ಬಗ್ಗೆ ಹಾಡಬಹುದೆಂದು ಆಗಲೇ ಗೊತ್ತಾಗಿದ್ದು. ಟೇಪು ಸವೆದು ದನಿ ಹಿಗ್ಗುವವರೆಗೂ ಕೇಳಿದೆ.

ಚಾಪ್ಮನ್ ಹುಟ್ಟಿದ್ದು 1962ರಲ್ಲಿ, ಕೆಂಟಕಿಯ ಪಡೂಕಾ ಎಂಬ ಊರಿನಲ್ಲಿ. ತಂದೆ ವಾದ್ಯಗಳ ಅಂಗಡಿ ಇಟ್ಟುಕೊಂಡು ಗಿಟಾರ್ ಪಾಠ ಹೇಳುತ್ತಿದ್ದರು. ಮಗ ಆ ಅಂಗಡಿಯಲ್ಲೇ ಕೂತು ಬರೀ ಕಿವಿಯಿಂದ ಗಿಟಾರೂ ಪಿಯಾನೊವೂ ಕಲಿತ. ವೈದ್ಯನಾಗಬೇಕೆಂದು ಕಾಲೇಜು ಸೇರಿ, ಅದನ್ನು ಬಿಟ್ಟು, ಇಂಡಿಯಾನಾದ ಆ್ಯಂಡರ್ಸನ್ ಕಾಲೇಜಿಗೆ ಹೋದ. ಅಲ್ಲಿ ಮೇರಿ ಬೆತ್ ಚಾಪ್ಮನ್ ಎಂಬ ಹುಡುಗಿ ಇದ್ದಳು. ಸಂಬಂಧಿಕಳಲ್ಲ, ಮನೆತನದ ಹೆಸರಷ್ಟೇ ಒಂದೇ. ಆ ಕಾರಣಕ್ಕೆ ಇಬ್ಬರಿಗೂ ಕಾಲೇಜಿನಲ್ಲಿ ಒಂದೇ ಅಂಚೆ ಪೆಟ್ಟಿಗೆ ಸಿಕ್ಕಿತು. 1984ರಲ್ಲಿ ಮದುವೆ. 1987ರಲ್ಲಿ ಮೊದಲ ಆಲ್ಬಂ.

ಮುಂದೆ ಸ್ಟೀವನ್ ಅವರ ತಂದೆ ತಾಯಿ ಬೇರೆಯಾದರು. ಎಂದೂ ಮುರಿಯದೆಂದು ನಂಬಿದ್ದ ಮನೆ ಮುರಿದ ಆ ನೋವಿನಲ್ಲಿ, ತಾನು ಮಾತ್ರ ಬಿಟ್ಟುಹೋಗುವುದಿಲ್ಲವೆಂದು ಹೆಂಡತಿಗೆ ಮಾತು ಕೊಡುವ ಹಾಡೊಂದನ್ನು ಬರೆದರು: 1989ರ 'ಐ ವಿಲ್ ಬಿ ಹಿಯರ್'. ಅಮೆರಿಕದಲ್ಲಿ ಎಷ್ಟೋ ಮದುವೆಗಳಲ್ಲಿ ಅದನ್ನು ಹಾಡುತ್ತಾರೆ. ನಮ್ಮ ಮದುವೆಯಲ್ಲೂ ಅಣ್ಣ ಹಾಡಿದ್ದ. ಅರ್ಧ ಜನಕ್ಕೆ ಇಂಗ್ಲಿಷ್ ತಿಳಿಯಲಿಲ್ಲ, ಆದರೂ ನಮ್ಮತ್ತೆ ಕಣ್ಣೊರೆಸಿಕೊಂಡರು.

ಅಲ್ಲಿಯವರೆಗೆ ಅವರು ನನಗೆ ಬರೀ ಗಾಯಕರು. ಚಾಪ್ಮನ್ 2017ರಲ್ಲಿ ತಮ್ಮ ಆತ್ಮಕಥೆ ಬರೆದರು. ಅದಕ್ಕೂ ಮೊದಲು, 2010ರಲ್ಲಿ, ಮೇರಿ ಬೆತ್ ತಮ್ಮ ಪುಸ್ತಕ ಬರೆದಿದ್ದರು. ಎರಡನ್ನೂ ಅಣ್ಣ ಒಟ್ಟಿಗೇ ಕಳಿಸಿದ. ಆಗ ನಮ್ಮ ಮನೆಯಲ್ಲಿ ದತ್ತಿನ ಮಾತು ಆಗಷ್ಟೇ ಶುರುವಾಗಿತ್ತು. ಶುರುಮಾಡಿದವಳು ನನ್ನ ದೊಡ್ಡ ಮಗಳು. "ಅವ್ವಾ, ನಮ್ಮ ಮನ್ಯಾಗ ಇನ್ನೊಂದು ಹಾಸಿಗಿ ಹಾಸೂವಷ್ಟು ಜಾಗಾ ಐತೆಲ್ಲ?" ಅಂತ ಒಂದು ರಾತ್ರಿ ಕೇಳಿದ್ದಳು. ಪುಸ್ತಕ ಓದಿದರೆ ಅಲ್ಲೂ ಅದೇ. ಅಮ್ಮನ ಜೊತೆ ಹೈಟಿಗೆ ಹೋಗಿ ಬಂದ ಹಿರಿಯ ಮಗಳು, ದತ್ತು ತೆಗೆದುಕೊಳ್ಳೋಣವೆಂದು ಹಟ ಹಿಡಿಯುತ್ತಾಳೆ, ಅಪ್ಪ ಅಮ್ಮನಿಗೆ ಪತ್ರ ಬರೆಯುತ್ತಾಳೆ. ಮೇರಿ ಬೆತ್ ಒಲ್ಲೆ ಎನ್ನುತ್ತಾರೆ. ಕಾರಣವನ್ನು ಮುಚ್ಚಿಡುವುದಿಲ್ಲ: ಹೆತ್ತ ಮೂವರನ್ನು ಪ್ರೀತಿಸಿದ ಹಾಗೆ ಆ ಮಗುವನ್ನು ಪ್ರೀತಿಸಲು ನನ್ನಿಂದಾಗದಿದ್ದರೆ?

ನನ್ನೊಳಗೂ ಇದ್ದದ್ದು ಅದೇ ಭಯ. ಯಾರ ಹತ್ತಿರವೂ ಬಾಯಿಬಿಟ್ಟಿರಲಿಲ್ಲ. ಹೇಳಿದರೆ ಎಂಥ ಹೆಂಗಸು ಇವಳು ಅಂದಾರೆಂಬ ಅಳುಕು. ಲೋಕಕ್ಕೆಲ್ಲ ಗೊತ್ತಿರುವ ಗಾಯಕನ ಹೆಂಡತಿ, ತನಗಿದ್ದ ಖಿನ್ನತೆಯನ್ನೂ ಸೇರಿಸಿ, ಎಲ್ಲವನ್ನೂ ಅಚ್ಚಿನಲ್ಲಿ ಹೇಳಿಕೊಂಡಿದ್ದಳು. ಆ ರಾತ್ರಿ ನಮ್ಮ ಮನೆಯವರನ್ನು ಎಬ್ಬಿಸಿ, "ನಂಗೂ ಇದೇ ಅಂಜಿಕಿ ಐತಿ" ಅಂದೆ. ನಮ್ಮ ದತ್ತು ಶುರುವಾದದ್ದು ಅರ್ಜಿ ತುಂಬಿದ ದಿನವಲ್ಲ, ಆ ರಾತ್ರಿ.

2000ರಲ್ಲಿ ಚೀನಾದಲ್ಲಿ ಮಗುವನ್ನು ತೋಳಿಗೆ ಕೊಟ್ಟ ಕ್ಷಣವೇ ಭಯ ಕರಗಿತೆಂದು ಮೇರಿ ಬೆತ್ ಹೇಳುತ್ತಾರೆ. ನನಗೆ ಹಾಗಾಗಲಿಲ್ಲ. ಈ ದಾರಿಗೆ ಬರುವವರು ತಿಳಿದಿರಲೆಂದು ಹೇಳುತ್ತಿದ್ದೇನೆ: ನನಗೆ ಐದು ತಿಂಗಳು ಬೇಕಾಯಿತು.

ಚಾಪ್ಮನ್ ದಂಪತಿ ಚೀನಾದಿಂದ ಮೂವರು ಹೆಣ್ಣುಮಕ್ಕಳನ್ನು ತಂದರು. ದತ್ತಿನ ಖರ್ಚು ಭರಿಸಲಾಗದ ಕುಟುಂಬಗಳಿಗೆ ನೆರವಾಗಲು 2003ರಲ್ಲಿ ಒಂದು ಸಂಸ್ಥೆ ಕಟ್ಟಿದರು. ಈಗದು ಶೋ ಹೋಪ್ ಎಂಬ ಹೆಸರಿನಲ್ಲಿದೆ. ಅದರ ನೆರವಿನಿಂದ ಸಾವಿರಾರು ಮಕ್ಕಳು ಮನೆ ಸೇರಿದ್ದಾರೆ. ಹೊರದೇಶದವರಿಗೆ ದತ್ತು ಕೊಡುವುದನ್ನು ಚೀನಾ 2024ರಲ್ಲಿ, ಹತ್ತಿರದ ಬಂಧುಗಳನ್ನು ಬಿಟ್ಟರೆ, ನಿಲ್ಲಿಸಿಯೇಬಿಟ್ಟಿತು. ಆ ಸುದ್ದಿ ಓದಿದ ದಿನ ನಮ್ಮವಳನ್ನು ಸುಮ್ಮನೆ ಎತ್ತಿಕೊಂಡು ಕೂತಿದ್ದೆ.

2008ರ ಮೇ 21ರ ಬಗ್ಗೆ ಬರೆಯಲು ಕೈ ಹಿಂಜರಿಯುತ್ತದೆ. ಅವರ ಕಿರಿಯ ಮಗಳು ಮರಿಯಾ, ಐದು ವರ್ಷದವಳು, ಮನೆಯಂಗಳದಲ್ಲೇ ಅಪಘಾತದಲ್ಲಿ ತೀರಿಕೊಂಡಳು. ಕಾರು ತರುತ್ತಿದ್ದವನು ಅವರದೇ ಹದಿಹರೆಯದ ಮಗ. ಮಗುವಿನ ಹಿಂದೆ ಆಸ್ಪತ್ರೆಗೆ ಹೊರಟ ತಂದೆ ಕಾರಿನ ಕಿಟಕಿಯಿಂದ ಮಗನ ಹೆಸರು ಹಿಡಿದು, ನಿನ್ನಪ್ಪ ನಿನ್ನನ್ನು ಪ್ರೀತಿಸುತ್ತಾನೆ ಎಂದು ಕೂಗಿದರು. ಒಂದು ಮಗುವಿನ ಪ್ರಾಣ ಹೋಗುತ್ತಿರುವಾಗ ಇನ್ನೊಂದು ಮಗುವನ್ನು ಉಳಿಸಿಕೊಳ್ಳಬೇಕೆಂದು ಆ ಮನುಷ್ಯನಿಗೆ ಹೇಗೆ ಹೊಳೆಯಿತೋ! ಎಷ್ಟು ಸಲ ಓದಿದರೂ ಅಲ್ಲಿಗೆ ಬಂದು ನಿಲ್ಲುತ್ತೇನೆ.

ಆಮೇಲೆ ಮನೆಯಲ್ಲಿ ಮರಿಯಾ ಬಿಡಿಸಿಟ್ಟ ಚಿತ್ರವೊಂದು ಸಿಕ್ಕಿತು. ಆರು ಎಸಳಿನ ಹೂವು. ಆ ಮನೆಯ ಮಕ್ಕಳೂ ಆರು. ಒಂದೇ ಒಂದು ಎಸಳಿಗೆ ಬಣ್ಣ ತುಂಬಿದ್ದಳು. ಜೊತೆಗೆ 'ನೋಡು' ಎಂಬರ್ಥದ ಒಂದು ಇಂಗ್ಲಿಷ್ ಪದ. ಮೇರಿ ಬೆತ್ ಅವರ ಪುಸ್ತಕದ ಹೆಸರಿನಲ್ಲಿ ಆ ಪದವೇ ಇದೆ.

ಇನ್ನು ಹಾಡುವುದೇ ಇಲ್ಲವೇನೋ ಅಂದುಕೊಂಡಿದ್ದ ಚಾಪ್ಮನ್, 2009ರಲ್ಲಿ ದುಃಖದ ಹಾಡುಗಳದೇ ಒಂದು ಆಲ್ಬಂ ತಂದರು. ಅವನ್ನು ತಮ್ಮ ಸ್ವಂತ ಕೀರ್ತನೆಗಳು ಎಂದು ಕರೆದರು. ಸತ್ಯವೇದದ ಕೀರ್ತನೆಗಳನ್ನು ಓದಿದವರಿಗೆ ಆ ಮಾತಿನ ತೂಕ ಗೊತ್ತು. ಅಲ್ಲಿ ಬರೀ ಸ್ತೋತ್ರವಿಲ್ಲ, ಎಲ್ಲಿದ್ದೀ ದೇವರೇ ಎಂಬ ಜಗಳವೂ ಇದೆ. 88ನೆಯ ಕೀರ್ತನೆಯಂತೂ ಕತ್ತಲಿನಲ್ಲೇ ಮುಗಿಯುತ್ತದೆ. ಅದೇ ವರ್ಷ ಚೀನಾದ ಲುವೊಯಾಂಗ್‌ನಲ್ಲಿ ಮರಿಯಾಳ ಹೆಸರಿನ ಆರು ಮಹಡಿಯ ಮನೆ ತೆರೆಯಿತು. ವಿಶೇಷ ಆರೈಕೆ ಬೇಕಾದ ಅನಾಥ ಮಕ್ಕಳಿಗಾಗಿ.

ಐದು ಗ್ರ್ಯಾಮಿ, ಕ್ರೈಸ್ತ ಸಂಗೀತಕ್ಕೆಂದೇ ಇರುವ ಡವ್ ಪ್ರಶಸ್ತಿ ಐವತ್ತಕ್ಕೂ ಮಿಕ್ಕಿ. ಇವನ್ನೆಲ್ಲ ಹುಡುಕಿದರೆ ಯಾರಿಗಾದರೂ ಸಿಗುತ್ತದೆ. 2024ರ ನವೆಂಬರ್‌ನಲ್ಲಿ ನ್ಯಾಶ್‌ವಿಲ್‌ನ ಗ್ರ್ಯಾಂಡ್ ಓಲ್ ಓಪ್ರಿ ಅವರನ್ನು ಸದಸ್ಯರನ್ನಾಗಿ ಸೇರಿಸಿಕೊಂಡಿತು. 1925ರಿಂದ ನಡೆದುಬಂದ ಹಳ್ಳಿಗಾಡಿನ ಸಂಗೀತದ ವೇದಿಕೆ ಅದು. ಅವರ ಬಗೆಯ ಕ್ರೈಸ್ತ ಗಾಯಕರಲ್ಲಿ ಆ ಗೌರವ ಸಿಕ್ಕ ಮೊದಲಿಗರು ಅವರೇ. ಆ ವಿಡಿಯೊ ನೋಡುವಾಗ ಚಿಕ್ಕವಳು ತೊಡೆಯ ಮೇಲಿದ್ದಳು. "ಈ ಅಜ್ಜ ಯಾರು?" ಅಂದಳು. ನಮ್ಮ ಪರಿಚಯದವರು ಅಂದೆ.

ಇನ್ನು ಊರಿನವರು.

ನಮ್ಮ ಸಭೆಯ ಅಯ್ಯನವರೇ, ನೀವು ಒಂದು ದಿನವೂ ಇದನ್ನು ತ್ಯಾಗ ಅನ್ನಲಿಲ್ಲ. "ದೊಡ್ಡ ಪುಣ್ಯಾದ ಕೆಲಸ ಮಾಡೀರಿ" ಎಂದು ಮಗುವಿನ ಎದುರೇ ಅಂದವರು ಬಹಳ. ಪ್ರೀತಿಯಿಂದಲೇ ಅಂದದ್ದು, ಆದರೆ ಕೇಳಿಸಿಕೊಳ್ಳುತ್ತಿದ್ದ ಮಗುವಿಗೆ ತಾನೊಂದು ದಾನದ ವಸ್ತು ಅನಿಸುವುದಿಲ್ಲವೇ? ಯಾರ ರಕ್ತವೋ ಏನೋ ಎಂದವರೂ ಉಂಟು. ನೀವು ಮೊದಲ ಭಾನುವಾರ ಅವಳ ಮುಂದೆ ಮಂಡಿಯೂರಿ ಹೆಸರು ಕೇಳಿದಿರಿ, ಅಷ್ಟೇ. ನಾವು ಕ್ರೈಸ್ತರು ಹಿಂದೆ 1890ರ ಕಾನೂನಿನಡಿ ಪಾಲಕರು ಮಾತ್ರ ಆಗಬಹುದಿತ್ತು, ಅಪ್ಪ ಅಮ್ಮ ಆಗುವಂತಿರಲಿಲ್ಲ. ಬಾಲ ನ್ಯಾಯ ಕಾಯ್ದೆ ಬಂದ ಮೇಲೆ ಅದು ಬದಲಾಯಿತು ಎಂದು ಹಿರಿಯರಿಗೆ ಕೂರಿಸಿ ತಿಳಿಹೇಳಿದವರೂ ನೀವೇ.

2020ರಲ್ಲಿ ದತ್ತಿಗೆ ಹೆಸರು ನೋಂದಾಯಿಸಿ ಮೂರು ವರ್ಷ ಕಾದೆವು. ಒಂದು ಕಚೇರಿಯಲ್ಲಿ ಒಂದೇ ಕಾಗದವನ್ನು ಮೂರು ಸಲ ತರಿಸಿಕೊಂಡರು, ಅದೆಲ್ಲ ಈಗ ಬೇಡ. 2023ರ ಮಳೆಗಾಲದಲ್ಲಿ ಮಗುವಿನ ಫೋಟೊ ಬಂತು. 48 ಗಂಟೆಯೊಳಗೆ ಹೂಂ ಅನ್ನಬೇಕು. ವೈದ್ಯಕೀಯ ವರದಿ ಹಿಡಿದು ರಾತ್ರಿ ಹತ್ತಕ್ಕೆ ಬಾಗಿಲು ಬಡಿದಾಗ, ಊಟದ ತಟ್ಟೆ ಬಿಟ್ಟೆದ್ದು ಸಾಲು ಸಾಲಾಗಿ ಓದಿ ಅರ್ಥ ಹೇಳಿದ ಡಾಕ್ಟರೇ, ನಿಮ್ಮ ಉಪಕಾರ ದೊಡ್ಡದು. ಜಿಲ್ಲಾಧಿಕಾರಿಗಳ ಆದೇಶ ಕೈಗೆ ಬಂದ ದಿನ ಶಾಲೆಯ ಸ್ಟಾಫ್ ರೂಮಿನಲ್ಲಿ ನನ್ನ ಪೀರಿಯಡ್‌ಗಳನ್ನೆಲ್ಲ ಹಂಚಿಕೊಂಡು ನನ್ನನ್ನು ಮನೆಗೆ ಅಟ್ಟಿದ ಗೆಳತಿಯರೇ, ನಿಮಗೂ.

ದೊಡ್ಡ ಮಗಳೇ, ಕೋಣೆಯ ಕಿಟಕಿ ಪಕ್ಕದ ಜಾಗ ಬಿಟ್ಟುಕೊಟ್ಟೆ. ಅವಳು ನಿನ್ನ ಕಂಪಾಸ್ ಪೆಟ್ಟಿಗೆ ಮುರಿದಾಗ ಅತ್ತೆ, ಆದರೆ ಹೊಡೆಯಲಿಲ್ಲ. ನಾನು ನೋಡಿದ್ದೇನೆ.

ಕಡೆಯದಾಗಿ ನಮ್ಮ ಓಣಿಯ ಅಜ್ಜಿ. ಬಂದ ಹೊಸತರಲ್ಲಿ ಚಿಕ್ಕವಳು ದಿಂಬಿನ ಕೆಳಗೆ ಚಪಾತಿ ಬಚ್ಚಿಡುತ್ತಿದ್ದಳು. ಬೆಳಿಗ್ಗೆ ಇರುವೆ ಸಾಲು. ಬೈಯಲೂ ಮನಸ್ಸಿಲ್ಲ, ಬಿಡಿಸುವುದು ಹೇಗೆಂದೂ ತಿಳಿಯದು. ಅಜ್ಜಿಗೆ ಹೇಳಿಕೊಂಡೆ. ಮರುದಿನ ಅವರು ಮುಚ್ಚಳವಿರುವ ಸ್ಟೀಲ್ ಡಬ್ಬಿಯಲ್ಲಿ ಕಟಕ ರೊಟ್ಟಿ ತುಂಬಿ ತಂದು ಅವಳ ಕೈಗಿತ್ತರು. "ಇದು ನಿಂದು. ಇದರಾಗಿನ ರೊಟ್ಟಿ ಯಾರೂ ಮುಟ್ಟೂದಿಲ್ಲ. ಖಾಲಿ ಆದ್ರ ಹೇಳು, ತುಂಬಿಸ್ತೀನಿ."

ಡಬ್ಬಿಯನ್ನು ತಬ್ಬಿಕೊಂಡೇ ಮಲಗುತ್ತಿದ್ದಳು. ರಾತ್ರಿ ಎರಡಕ್ಕೆ ಮುಚ್ಚಳ ತೆಗೆದು ನೋಡಿ ಮತ್ತೆ ಮುಚ್ಚುವ ಸದ್ದು ಕೇಳಿಸುತ್ತಿತ್ತು. ತಿನ್ನುತ್ತಿರಲಿಲ್ಲ, ಇದೆಯೇ ಎಂದು ನೋಡುತ್ತಿದ್ದಳು. ಅಜ್ಜಿ ವಾರಕ್ಕೊಮ್ಮೆ ಬಂದು ಹಳೆಯ ರೊಟ್ಟಿ ತೆಗೆದು ಹೊಸತು ತುಂಬುತ್ತಿದ್ದರು. ಆಮೇಲೆ ಡಬ್ಬಿ ಹಾಸಿಗೆಯಿಂದ ಕಪಾಟಿಗೆ ಹೋಯಿತು. ಡಿಸೆಂಬರ್‌ನಲ್ಲಿ ನನಗೆ ಜ್ವರ ಬಂದು ಮಲಗಿದ್ದಾಗ ಅವಳೇ ಡಬ್ಬಿ ತಂದು, ರೊಟ್ಟಿ ಮುರಿದು ನನ್ನ ಬಾಯಿಗೆ ಹಿಡಿದಳು. "ತಿನ್ನು ಅವ್ವಾ." ಅಲ್ಲಿಯವರೆಗೆ ನನ್ನನ್ನು ಆಂಟಿ ಅನ್ನುತ್ತಿದ್ದಳು.

ನೀವೆಲ್ಲ ಆ ದಿನಗಳಲ್ಲಿ ಊಟ ಕಳಿಸಿದ ಡಬ್ಬಿಗಳು ನಮ್ಮಲ್ಲೇ ಉಳಿದಿವೆ. ಮೊನ್ನೆ ಎಣಿಸಿದರೆ ಹದಿನೇಳು. ತಳದಲ್ಲಿ ಕೊರೆಸಿದ ಹೆಸರುಗಳನ್ನು ಚಿಕ್ಕವಳೇ ಒಂದೊಂದಾಗಿ ಓದಿ ವಿಂಗಡಿಸಿದ್ದಾಳೆ, ಒಂದನೇ ತರಗತಿಯ ಓದು. ಮೂರರ ಮೇಲೆ ಹೆಸರಿಲ್ಲ, ಯಾರದೆಂದು ಬಂದು ಗುರುತು ಹಿಡಿಯಬೇಕು. ಖಾಲಿ ಡಬ್ಬಿ ಹಿಂದೆ ಕೊಡುವುದುಂಟೇ? ಶನಿವಾರ ಶೇಂಗಾ ಉಂಡಿ ಕಟ್ಟುತ್ತೇವೆ. ಭಾನುವಾರ ಆರಾಧನೆ ಮುಗಿದ ಮೇಲೆ ಮೆಟ್ಟಿಲ ಹತ್ತಿರ ಇಬ್ಬರು ಹೆಣ್ಣುಮಕ್ಕಳ ಜೊತೆ ನಿಂತಿರುತ್ತೇನೆ. ಅಜ್ಜಿಯ ಡಬ್ಬಿಯನ್ನು ಮಾತ್ರ ಕೇಳಬೇಡಿ, ಅದು ಅವಳದು.