ಐಸಿ 443ಕ್ಕೆ ಕೈ ಹಾಕುವ ಮುಂಚೆ

ಮಾಟುಂಗಾ, ಮುಂಬಯಿ

ಚಿರಂಜೀವಿ ಪುಟ್ಟಿಗೆ ಸೋದರಮಾವನ ಆಶೀರ್ವಾದಗಳು.

ಪುಣೆಯಲ್ಲಿ ಎಂಎಸ್‌ಸಿ ಪ್ರಾಜೆಕ್ಟಿಗೆ ಐಸಿ 443 ಅನ್ನುವ ಸೂಪರ್ನೋವಾ ಅವಶೇಷವನ್ನು, ಅಂದರೆ ಸಿಡಿದ ನಕ್ಷತ್ರದ ಉಳಿಕೆಯನ್ನು, ಆರಿಸಿಕೊಂಡೆಯಂತೆ, ನಿನ್ನಮ್ಮ ಹೇಳಿದಳು. ಆಯ್ಕೆ ಚೆನ್ನಾಗಿದೆ, ಸುಲಭದ್ದಲ್ಲ. ‘ಗಾಮಾ ಕಿರಣ ಕಂಡಿತು, ಆದ್ದರಿಂದ ಕಾಸ್ಮಿಕ್ ಕಿರಣ ಇಲ್ಲೇ ಹುಟ್ಟುತ್ತದೆ’ ಅಂತ ಬರೆದೆಯೋ, ವೈವಾದಲ್ಲಿ ಮೊದಲ ಪ್ರಶ್ನೆಗೇ ಸಿಕ್ಕಿಬೀಳುತ್ತೀಯ.

ಕಾಸ್ಮಿಕ್ ಕಿರಣವೆಂದರೆ ಬಾಹ್ಯಾಕಾಶದಿಂದ ಬರುವ ಕಣಗಳು, ಬಹುಪಾಲು ಪ್ರೋಟಾನು. ಪ್ರೋಟಾನಿಗೆ ವಿದ್ಯುದಾವೇಶ ಇರುವುದರಿಂದ ಗ್ಯಾಲಕ್ಸಿಯ ಕಾಂತಕ್ಷೇತ್ರ ಅದನ್ನು ಸುತ್ತಾಡಿಸಿ ಹುಟ್ಟೂರಿನ ಸುಳಿವೇ ಇಲ್ಲದ ಹಾಗೆ ಮಾಡುತ್ತದೆ. ಗಾಮಾ ನೇರ ಬರುತ್ತದೆ, ನಿಜ. ಆದರೆ ಎಲೆಕ್ಟ್ರಾನೂ ಬ್ರೆಮ್ಸ್‌ಟ್ರಾಲುಂಗ್ (ಪರಮಾಣುವಿನ ಹತ್ತಿರ ತಿರುಗಿದಾಗ), ಇನ್ವರ್ಸ್ ಕಾಂಪ್ಟನ್ (ಬೆಳಕಿನ ಕಣಕ್ಕೆ ಬಡಿದಾಗ) ಇವುಗಳಲ್ಲಿ ಗಾಮಾ ಕೊಡುತ್ತದಲ್ಲ! ಪ್ರೋಟಾನಿನ ಗುರುತು ಬೇರೆ. ಅದು ಅನಿಲದ ಮೋಡಕ್ಕೆ ಬಡಿದಾಗ ತಟಸ್ಥ ಪಯಾನ್ ಎಂಬ ಅಲ್ಪಾಯುಷಿ ಕಣ ಹುಟ್ಟಿ, ನಿಂತ ನಿಲುವಿನಲ್ಲಿ ತಲಾ 67.5 ಎಂಇವಿಯ (ಎಂಇವಿ ಅಂದರೆ ಹತ್ತು ಲಕ್ಷ ಎಲೆಕ್ಟ್ರಾನ್ ವೋಲ್ಟ್) ಎರಡು ಗಾಮಾ ಆಗಿ ಒಡೆಯುತ್ತದೆ. ಅದಕ್ಕೇ ಶಕ್ತಿಯ ಸ್ಪೆಕ್ಟ್ರಮ್ 200 ಎಂಇವಿಯ ಕೆಳಗೆ ಕಡಿದಾಗಿ ಇಳಿಯಬೇಕು. 2013ರಲ್ಲಿ ಫರ್ಮಿ ಬಾಹ್ಯಾಕಾಶ ದೂರದರ್ಶಕದ ತಂಡ ಐಸಿ 443, ಅಂಥದೇ ಇನ್ನೊಂದು ಅವಶೇಷ ಡಬ್ಲ್ಯೂ44 ಎರಡರಲ್ಲೂ ತೋರಿಸಿದ್ದು ಈ ಇಳಿಜಾರನ್ನೇ.

ತೊಂದರೆ ಇರುವುದೂ ಅಲ್ಲೇ. 100 ಎಂಇವಿಯಲ್ಲಿ ಫರ್ಮಿಯ ಗಾಮಾ ಉಪಕರಣ ಲ್ಯಾಟ್‌ನ ದೃಷ್ಟಿ ಸುಮಾರು 5 ಡಿಗ್ರಿ ಮಸುಕು. 1 ಜಿಇವಿಗೆ (1000 ಎಂಇವಿ) ಬಂದರೆ ಒಂದು ಡಿಗ್ರಿಯೂ ಇಲ್ಲ. ಜೆಮಿಂಗಾ ಎಂಬ ಪಲ್ಸಾರ್ (ಗಿರಗಿರನೆ ತಿರುಗುವ ನಕ್ಷತ್ರದ ಅವಶೇಷ) ನಿನ್ನ ಮೂಲದಿಂದ ಸುಮಾರು 6 ಡಿಗ್ರಿ ದೂರ, ಕ್ರ್ಯಾಬ್ ಪಲ್ಸಾರ್ 10. ಎರಡೂ ಭಾರೀ ಪ್ರಖರ. ಗಣಪತಿ ಪೆಂಡಾಲಿನ ಪಕ್ಕ ಕೂತು ತಂಬೂರಿ ಶ್ರುತಿ ಮಾಡಿದ ಹಾಗೆ ನಿನ್ನ ಕೆಲಸ.

ಡೇಟಾ ಇಳಿಸುವಾಗ 20 ಡಿಗ್ರಿ ತ್ರಿಜ್ಯ ಇರಲಿ, ಈವೆಂಟ್ ಕ್ಲಾಸ್ (ಫೋಟಾನುಗಳ ಗುಣಮಟ್ಟದ ವರ್ಗ) 128. ಕೆಳ ಶಕ್ತಿಯಲ್ಲಿ ಸಿಕ್ಕ ಫೋಟಾನೆಲ್ಲ ಬೇಡ, ದಿಕ್ಕು ಅತಿ ನಿಖರವಾಗಿ ಸಿಕ್ಕ ಪಿಎಸ್‌ಎಫ್3 ಗುಂಪು ಮಾತ್ರ ಸಾಕು, ಅಂದರೆ ಈವೆಂಟ್ ಟೈಪ್ 32. ಸಂಖ್ಯೆ ಸುಮಾರು ಕಾಲುಭಾಗಕ್ಕೆ ಇಳಿಯುತ್ತದೆ, ಹೆದರಬೇಡ. ಝೆನಿತ್ ಕೋನವನ್ನು (ನೆತ್ತಿಯಿಂದ ಅಳೆಯುವ ಕೋನ) 100 ಎಂಇವಿಯ ಮೇಲೆ 90 ಡಿಗ್ರಿಗೆ, ಕೆಳಗೆ 80ಕ್ಕೆ ಕತ್ತರಿಸು. ಕಾಸ್ಮಿಕ್ ಕಿರಣ ವಾತಾವರಣಕ್ಕೆ ಬಡಿದು ಭೂಮಿಯ ಅಂಚೇ ಗಾಮಾದಲ್ಲಿ ಹೊಳೆಯುತ್ತಿರುತ್ತದೆ. ಐಸಿ 443 ಬಿಂದುವಲ್ಲ, ಮಾಡೆಲ್‌ನಲ್ಲಿ ಹರವಿರುವ ಮೂಲವೆಂದೇ ಹಾಕು. ಎನರ್ಜಿ ಡಿಸ್ಪರ್ಷನ್, ಅಂದರೆ ಅಳೆದ ಶಕ್ತಿಗೂ ನಿಜವಾದ ಶಕ್ತಿಗೂ ಇರುವ ವ್ಯತ್ಯಾಸದ ತಿದ್ದುಪಡಿ, ಬಿಟ್ಟರೆ ಮೇಲಿನ ಬಿನ್ನಿನ ಫೋಟಾನು ಕೆಳಕ್ಕೆ ಜಾರಿ ಇಳಿಜಾರೇ ಅಳಿಸಿಹೋದೀತು. ಎಲ್ಲ ದಿಕ್ಕಿನಿಂದಲೂ ಸಮನಾಗಿ ಬರುವ ಹಿನ್ನೆಲೆಯ ಐಸೋಟ್ರೋಪಿಕ್ ಟೆಂಪ್ಲೇಟಿಗೆ ಮಾತ್ರ ಆ ತಿದ್ದುಪಡಿ ಹಚ್ಚಬೇಡ, ಆ ಟೆಂಪ್ಲೇಟು ಡೇಟಾಕ್ಕೇ ಹೊಂದಿಸಿ ಮಾಡಿದ್ದು.

ಎಲ್ಲಕ್ಕಿಂತ ನಂಬಬಾರದ್ದು ಗ್ಯಾಲಕ್ಸಿಯಿಂದಲೇ ಬರುವ ಹಿನ್ನೆಲೆ ಗಾಮಾ. ಫಿಟ್ ಆದ ಮೇಲೆ ಅದರ ಪ್ರಮಾಣವನ್ನು ಶೇ. 6ರಷ್ಟು ಏರಿಸಿ ಒಮ್ಮೆ, ಇಳಿಸಿ ಒಮ್ಮೆ ಮತ್ತೆ ಓಡಿಸು. ಎರಡರಲ್ಲೂ ಇಳಿಜಾರು ನಿಂತರೆ ಪ್ರೋಟಾನಿನ ಮಾತಾಡು.

ಆಗಲೂ ಗಾಮಾದ ಶಕ್ತಿ ಪ್ರೋಟಾನಿನ ಹತ್ತನೆಯ ಒಂದು ಪಾಲಿನಷ್ಟೇ ಅನ್ನುವುದು ನೆನಪಿರಲಿ. ಕಾಸ್ಮಿಕ್ ಕಿರಣದ ‘ಮೊಣಕಾಲು’, ಅಂದರೆ ಅದರ ಸ್ಪೆಕ್ಟ್ರಮ್ ಇನ್ನಷ್ಟು ಕಡಿದಾಗುವ ಜಾಗ, 3 ಪಿಇವಿ ಹತ್ತಿರ (ಪಿಇವಿ ಅಂದರೆ 1000 ಟಿಇವಿ, ಟಿಇವಿ ಅಂದರೆ 1000 ಜಿಇವಿ). ಅಲ್ಲಿನ ಸಾಕ್ಷಿ ಬೇಕಾದರೆ 100 ಟಿಇವಿ ದಾಟಿದ ಗಾಮಾ ಹುಡುಕಬೇಕು. ಚೀನಾದ ಲಾಸೋ ವೀಕ್ಷಣಾಲಯ 2021ರಲ್ಲಿ ಸಿಗ್ನಸ್ ದಿಕ್ಕಿನಿಂದ 1.4 ಪಿಇವಿಯ ಫೋಟಾನು ಕಂಡಿತು. ನಮ್ಮ ಕೊಲಾಬಾದ ಟಿಐಎಫ್‌ಆರ್‌ನವರ ಊಟಿಯ ಗ್ರೇಪ್ಸ್-3 ಪ್ರಯೋಗದಲ್ಲಿ 560 ಚದರ ಮೀಟರಿನ ಮ್ಯುಯಾನ್ (ಎಲೆಕ್ಟ್ರಾನಿನ ಭಾರವಾದ ಬಂಧು) ಡಿಟೆಕ್ಟರ್ ಇದೆ. ಗಾಮಾ ವಾತಾವರಣಕ್ಕೆ ಬಡಿದು ಎಬ್ಬಿಸುವ ಕಣಗಳ ಶವರ್‌ನಲ್ಲಿ ಮ್ಯುಯಾನ್ ಕಡಿಮೆ, ಕಾಸ್ಮಿಕ್ ಕಿರಣದ ಶವರ್‌ನಿಂದ ಬೇರ್ಪಡಿಸುವುದು ಅದರಿಂದಲೇ. ನಿನ್ನ ಪ್ರಬಂಧದಲ್ಲಿ ಇದಕ್ಕೆ ಒಂದು ಪ್ಯಾರಾ ಸಾಕು.

ಸ್ಪೆಕ್ಟ್ರಮ್ ಒಂದನ್ನೇ ಕಳಿಸಬೇಡ, ರೆಸಿಡ್ಯುಯಲ್ ಮ್ಯಾಪೂ (ಡೇಟಾದಿಂದ ಮಾಡೆಲ್ ಕಳೆದು ಉಳಿದದ್ದರ ನಕ್ಷೆ) ಕಳಿಸು. ಜೆಮಿಂಗಾ ಇರುವ ಮೂಲೆಯನ್ನೇ ನಾನು ಮೊದಲು ನೋಡುವುದು.

ನಿನ್ನ ಮಾವ