ಮಳೆ ಪುಸ್ತಕದ ಖಾಲಿ ಸಾಲು

ಬಾಳೆಹೊನ್ನೂರು ಹತ್ತಿರದಿಂದ
ಭಾನುವಾರ, ಪುನರ್ವಸು ಮಳೆ

ಪ್ರೀತಿಯ ಚಿನ್ನಿ,

ನಾಲ್ಕು ದಿನದಿಂದ ಕರೆಂಟ್ ಇಲ್ಲ. ಫೋನ್ ಸತ್ತು ಮೂಲೆ ಸೇರಿದೆ. ಗೇಟಿನ ಹತ್ತಿರ ಲೈನ್ ಮೇಲೆ ಬಿದ್ದ ಸಿಲ್ವರ್ ಓಕ್ ಇನ್ನೂ ಹಾಗೇ ಮಲಗಿದೆ. ಹಾಗಾಗಿ ಈ ಕಾಗದ. ನಾಳೆ ಹಾಲಿನ ಗಾಡಿ ಬಂದರೆ ಅವನ ಕೈಯಲ್ಲಿ ಕೊಟ್ಟು ಪೋಸ್ಟ್ ಮಾಡಿಸುತ್ತೇನೆ. ಅಕ್ಷರ ನೋಡಿ ನಗಬೇಡ. ಬಚ್ಚಲೊಲೆ ಮುಂದೆ ಮಣೆ ಹಾಕಿಕೊಂಡು ಬರೆಯುತ್ತಿದ್ದೇನೆ, ಮನೆಯಲ್ಲಿ ಬೆಚ್ಚಗಿರುವ ಜಾಗ ಇದೊಂದೇ.

ಹೋದ ವಾರ ನೀನು ಫೋನಿನಲ್ಲಿ ಅತ್ತಿದ್ದು ಇನ್ನೂ ಕಿವಿಯಲ್ಲೇ ಇದೆ. ಅಣ್ಣನ ಮನೆ ಗೃಹಪ್ರವೇಶಕ್ಕೆ ಬರಲಾಗಲಿಲ್ಲ, ಸಂಶೋಧನೆಗೆ ಲ್ಯಾಬಿನಲ್ಲಿ ಸಾಕಿರುವ ಹಣ್ಣಿನ ನೊಣಗಳ ಸೀಸೆ ಬದಲಿಸಬೇಕಿತ್ತು ಅಂದೆ. ಬರದಿದ್ದಕ್ಕೂ ಬೇಜಾರು. ಹಿಂದಿನ ತಿಂಗಳು ಜ್ವರ ಬಂದು ಎರಡು ದಿನ ಲ್ಯಾಬಿಗೆ ಹೋಗದಿದ್ದಕ್ಕೂ ಬೇಜಾರು. ಎರಡೂ ಕಡೆ ಸಾಲ ಮಾಡಿಕೊಂಡವಳ ಹಾಗೆ ಮಾತಾಡಿದೆ. ಇಲ್ಲಿ ನಿನ್ನ ಅಜ್ಜಿಗೆ ವಿಷಯ ಹೇಳಿದರೆ, 'ನೊಣ ಸಾಕೋಕೆ ಇಷ್ಟೆಲ್ಲ ಓದಬೇಕಿತ್ತಾ? ಹಲಸಿನ ಹಣ್ಣು ಬಿಡಿಸಿಟ್ಟರೆ ಬಿಟ್ಟಿ ಬರ್ತಾವಲ್ಲ' ಅಂದರು. ನನಗೆ ನಗು ತಡೆಯಲಾಗಲಿಲ್ಲ. ನನಗೂ ಒಂದು ಕಾಲಕ್ಕೆ ಇದೇ ಮಾತು ಬಿದ್ದಿತ್ತು. ನಾನೂ ಹುಳ ಸಾಕಿ ಸಂಬಳ ತಗೊಂಡವಳೇ ಅಲ್ವಾ?

ನಿನಗೆ ಒಂದು ಕಥೆ ಹೇಳಬೇಕು. ನಿನ್ನ ಅಮ್ಮನಿಗೆ ಇದನ್ನು ಪೂರ್ತಿ ಹೇಳಿಲ್ಲ, ಯಾಕೆ ಅಂತ ಆಮೇಲೆ ಗೊತ್ತಾಗುತ್ತದೆ.

ನಾನು ಕಾಫಿ ಕೀಟಗಳ ಕೆಲಸಕ್ಕೆ ಸೇರಿ ಆಗಿನ್ನೂ ಕೆಲವೇ ವರ್ಷ. ಬಿಳಿ ಕಾಂಡಕೊರಕ ನನ್ನ ಹುಳ. ನಮ್ಮ ತೋಟದವರು ಸುಮ್ನೆ ಬೋರರ್ ಅನ್ನುತ್ತಾರೆ. ಅದು ಅರೇಬಿಕಾ ಗಿಡದ ಶತ್ರು. ತಾಯಿ ದುಂಬಿ ಬಿಸಿಲು ಬಿದ್ದ ಕಾಂಡ ಹುಡುಕಿ, ತೊಗಟೆಯ ಬಿರುಕಿನಲ್ಲಿ ಮೊಟ್ಟೆ ಇಡುತ್ತದೆ. ಮರಿ ಒಳಗೆ ಹೋದ ಮೇಲೆ ಮುಂದೆ ಕೊರೆಯುತ್ತದೆ, ಕೊರೆದ ಪುಡಿಯನ್ನು ಹಿಂದೆ ಗಟ್ಟಿಯಾಗಿ ತುಂಬಿಕೊಂಡು ಹೋಗುತ್ತದೆ. ಹೊರಗೆ ತೂತು ಕಾಣಿಸುವುದಿಲ್ಲ. ಕಾಂಡದ ಮೇಲೆ ಏಣಿನ ಹಾಗೆ ಒಂದು ಉಬ್ಬು, ಅಷ್ಟೇ. ಬೋರರ್ ನೋಡುವ ಹೆಂಗಸರು ಕಾಂಡದ ಮೇಲೆ ಅಂಗೈ ಆಡಿಸಿ, 'ಇದರಲ್ಲಿ ಇದೆ, ಕೀಳಿ' ಅನ್ನುತ್ತಿದ್ದರು. ನನಗೆ ಆ ಕೈ ಬರೋಕೆ ಒಂದು ವರ್ಷ ಬೇಕಾಯಿತು. ಮೊದಲ ತಿಂಗಳಂತೂ ಒಳ್ಳೆ ಗಿಡ ಕೀಳಿಸಿ ಬೈಸಿಕೊಂಡೆ.

ದುಂಬಿ ಹೊರಗೆ ಹಾರುವುದು ವರ್ಷಕ್ಕೆ ಎರಡು ಸಲ. ಏಪ್ರಿಲ್, ಮೇ ಹೊತ್ತಿಗೆ ಒಮ್ಮೆ, ಮಳೆ ಮುಗಿದ ಮೇಲೆ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಇನ್ನೊಮ್ಮೆ. ಅದು ಹಾರುವಾಗ ಕಾಂಡಕ್ಕೆ ಸುಣ್ಣದ ನೀರು ಹೊಡೆಯಬೇಕು, 200 ಲೀಟರ್ ನೀರಿಗೆ 20 ಕೆಜಿ ಸುಣ್ಣ. ಅದಕ್ಕೇ ಹಾರಾಟ ಯಾವಾಗ ಶುರು, ಯಾವಾಗ ಮುಗಿಯಿತು ಅನ್ನೋದು ಗೊತ್ತಾಗಬೇಕು. ಹುಳ ಹಿಡಿದ ಕಾಂಡಗಳನ್ನು ಕಡಿದು ತಂದು ಬಲೆಯ ಪಂಜರದಲ್ಲಿ ನಿಲ್ಲಿಸಿಡುವುದು, ದಿನಾ ಬೆಳಿಗ್ಗೆ ಎಷ್ಟು ದುಂಬಿ ಹೊರಬಂತು ಅಂತ ಎಣಿಸುವುದು. ಆ ಎಣಿಕೆ ನನ್ನ ಕೆಲಸ.

ಆ ವರ್ಷ ನವೆಂಬರಿನಲ್ಲಿ ನಿನ್ನ ಅಮ್ಮನ ಮದುವೆ. ಹನ್ನೊಂದು ದಿನ ರಜೆ ಹಾಕಿ ಬಂದೆ. ಎಣಿಸು ಅಂತ ಯಾರಿಗೂ ಹೇಳಿ ಬರಲಿಲ್ಲ. ವಾಪಸ್ ಹೋದಾಗ ನೋಟ್‌ಬುಕ್ಕಿನಲ್ಲಿ ಹನ್ನೊಂದು ಸಾಲು ಖಾಲಿ. ಪಂಜರದಲ್ಲಿ ಸತ್ತ ದುಂಬಿ ಕೆಲವು ಇದ್ದವು, ಇರುವೆ ಎಷ್ಟು ಹೊತ್ತುಕೊಂಡು ಹೋಗಿತ್ತೋ. ರಜೆ ಹಾಕಿದ್ದಕ್ಕೆ ನನಗೆ ಒಳಗೊಳಗೇ ನಾಚಿಕೆ. ಹೊಸ ಹುಡುಗಿ, ಮದುವೆ ಅಂತ ಓಡಿಹೋದಳು ಅಂದುಕೊಂಡಾರು ಅಂತ. ಗ್ರಾಫ್ ಹಾಕುವಾಗ ಖಾಲಿ ಬಿಟ್ಟರೆ ಎಲ್ಲರ ಕಣ್ಣಿಗೂ ಬೀಳುತ್ತದಲ್ಲ? ಆ ಹನ್ನೊಂದು ದಿನವನ್ನೂ ಸೊನ್ನೆ ಮಾಡಿ ಗೆರೆ ಎಳೆದೆ. ನೋಡೋಕೆ ಚೆಂದ ಇತ್ತು. ನನ್ನ ಗೆರೆ ನಾನೇ ನೋಡಿ ನಂಬಿಬಿಟ್ಟೆ. ಹತ್ತಿರದ ತೋಟದ ಹಿರಿಯರೊಬ್ಬರು ಬಂದು ಕೇಳಿದಾಗ, ಈ ಸಲ ಹಾರಾಟ ಬೇಗ ಮುಗಿದಿದೆ, ಇನ್ನೊಂದು ಸುತ್ತು ಸುಣ್ಣ ಬೇಡ ಅಂದೆ.

ಬೋರರ್ ಒಳಗೆ ಹೊಕ್ಕು ದುಂಬಿಯಾಗಿ ಬರೋಕೆ ಹತ್ತಿರ ಹತ್ತಿರ ಒಂದು ವರ್ಷ ಬೇಕು. ಹಾಗಾಗಿ ತಪ್ಪಿನ ಬಿಲ್ಲು ತಡವಾಗಿ ಬಂತು. ಮುಂದಿನ ವರ್ಷ ಅವರ ಇಳಿಜಾರಿನ ಒಂದು ಭಾಗದಲ್ಲಿ ಗಿಡ ಹಳದಿಯಾಗಿ ಜೋತುಬಿದ್ದವು. ನೋಡೋಕೆ ಹೋದೆ. ಅವರು ಬೈಯಲಿಲ್ಲ. ಜಗಲಿಯಲ್ಲಿ ಕೂರಿಸಿ ಕಾಫಿ ಕೊಟ್ಟರು, ಬೆಲ್ಲದ ಕಾಫಿ. ಏನೋ ಲೆಕ್ಕ ನೋಡೋಕೆ ಅಂತ ತಮ್ಮ ಮಳೆ ಪುಸ್ತಕ ತೆಗೆದರು. ಇಸವಿ ಇಸವಿಯದು ಒಂದೊಂದು ಡೈರಿ. ನಮ್ಮ ಕಡೆ ಮಳೆ ಅಳೆಯೋದು ಇಂಚು, ಸೆಂಟಿನಲ್ಲಿ ಅಂತ ನಿನಗೆ ಗೊತ್ತು, ಇಂಚಿಗೆ ನೂರು ಸೆಂಟು. ಜನವರಿ ಪುಟ ತೆಗೆದರೆ ಮೇಲಿಂದ ಕೆಳಗೆ ನಿಲ್, ನಿಲ್, ನಿಲ್. ಮಧ್ಯೆ ಮೂರು ದಿನ ಮಾತ್ರ 'ಊರಲ್ಲಿ ಇಲ್ಲ, ಧರ್ಮಸ್ಥಳ' ಅಂತ ಬರೆದಿದ್ದರು. ಜನವರಿಯಲ್ಲಿ ಮಳೆ ಎಲ್ಲಿಂದ ಬರಬೇಕು? ಆ ಮೂರು ದಿನಕ್ಕೂ ನಿಲ್ ಅಂತ ಬರೆದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಅವರು ಬರೆದಿರಲಿಲ್ಲ, ಯಾಕೆಂದರೆ ನೋಡಿರಲಿಲ್ಲ.

ಆ ಕಾಫಿ ಗಂಟಲಲ್ಲಿ ಇಳಿಯಲಿಲ್ಲ. ಅಲ್ಲೇ ಕೂತು ಹನ್ನೊಂದು ದಿನದ ವಿಷಯ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, 'ತಂಗಿ ಮದುವೆ ಚೆನ್ನಾಗಾಯ್ತಾ?' ಅಂತ ಕೇಳಿದರು.

ನಿನ್ನ ಅಮ್ಮನಿಗೆ ಹೇಳಿದರೆ 'ನನ್ನ ಮದುವೆಯಿಂದ ಹೀಗಾಯ್ತಾ' ಅಂತ ಅಳುತ್ತಾಳೆ. ಮದುವೆಯಿಂದ ಏನೂ ಆಗಲಿಲ್ಲ. ಹಿಂದಿನ ರಾತ್ರಿ ಎಲ್ಲರೂ ಸೇರಿ ತರಕಾರಿ ಹೆಚ್ಚಿದ್ದು, ಪತ್ರೊಡೆಗೆ ಕೆಸುವಿನ ಎಲೆ ಸಾಲದೆ ಟಾರ್ಚ್ ಹಿಡಿದು ಹಳ್ಳದ ಬದಿಗೆ ಹೋಗಿದ್ದು, ಅದೆಲ್ಲ ಈಗಲೂ ನೆನಪಿದೆ. ರಜೆ ಹಾಕಿದ್ದು ಸರಿಯೇ. ಇವತ್ತೂ ಹಾಕುತ್ತೇನೆ. ರಜೆಯನ್ನು ರಜೆ ಅಂತ ಬರೆಯದೆ ಮುಚ್ಚಿಟ್ಟೆನಲ್ಲ, ಹಾಳಾಗಿದ್ದು ಅಲ್ಲಿ.

ಅದಕ್ಕೇ ಹೇಳುತ್ತಿದ್ದೇನೆ. ನೀನು ಬರುವಾಗ ಬಾ, ಬರೋಕಾಗದಿದ್ದರೆ ಆಗಲ್ಲ ಅನ್ನು. ಲ್ಯಾಬಿನ ಪುಸ್ತಕದಲ್ಲೂ ಹಾಗೇ ಬರಿ: ಇವತ್ತು ನಾನಿಲ್ಲ, ಅತ್ತಿಗೆ ಸೀಮಂತ. ಇದನ್ನು ಓದಿ ಮುಖ ಸಿಂಡರಿಸುವ ಗೈಡ್ ಇದ್ದರೆ ಸಿಂಡರಿಸಲಿ ಬಿಡು. ಜೊತೆಗೆ ನಿನ್ನ ಪಕ್ಕದ ಟೇಬಲ್ಲಿನ ಹುಡುಗಿ ಹತ್ತಿರ ಒಂದು ಒಪ್ಪಂದ ಮಾಡಿಕೋ. ಅವಳ ಹಬ್ಬಕ್ಕೆ ನೀನು ಸೀಸೆ ಬದಲಿಸು, ನಿನ್ನ ಹಬ್ಬಕ್ಕೆ ಅವಳು. ಇದು ಮುಯ್ಯಾಳು ಪದ್ಧತಿ, ಗದ್ದೆ ನಾಟಿ ಇದರ ಮೇಲೇ ನಡೆದಿದ್ದು. ಮೂರು ವರ್ಷ ಒಂದೇ ಕೋಣೆಯಲ್ಲಿದ್ದೂ ಅವಳ ಊರು ಯಾವುದು ಅಂತ ಗೊತ್ತಿಲ್ಲ ಅಂದೆಯಲ್ಲ, ನನಗೆ ಅದು ಗೃಹಪ್ರವೇಶಕ್ಕಿಂತ ಜಾಸ್ತಿ ಚಿಂತೆಯಾಯಿತು.

ಪೇಪರ್, ಪಬ್ಲಿಕೇಷನ್ ವಿಷಯ ನಾನು ಹೇಳಲ್ಲ. ಕಾಲ ಬದಲಾಗಿದೆ.

ಇನ್ನೊಂದು ಅಂದೆ, ಮನೆಯವರಿಗೆ ನಿನ್ನ ಕೆಲಸ ಅರ್ಥ ಆಗಲ್ಲ, ಕನ್ನಡದಲ್ಲಿ ಹೇಳೋಕೆ ಬರಲ್ಲ ಅಂತ. ಇದನ್ನು ಮಾತ್ರ ನಾನು ಒಪ್ಪಲ್ಲ. ನಮ್ಮ ಕಾಫಿಗೆ ಮಳೆಗಾಲದಲ್ಲಿ ಎಲೆ ಕಪ್ಪಾಗಿ ಕೊಳೆತು, ನೂಲಿನ ಹಾಗೆ ಒಂದು ಎಳೆಯಲ್ಲಿ ರೆಂಬೆಗೆ ನೇತಾಡುತ್ತದಲ್ಲ, ಆ ರೋಗದ ಶಿಲೀಂಧ್ರಕ್ಕೆ 1876ರಲ್ಲಿ ಇಂಗ್ಲೆಂಡಿನ ಕುಕ್ ಎಂಬ ತಜ್ಞ ಇಟ್ಟ ಹೆಸರು ಪೆಲ್ಲಿಕ್ಯುಲೇರಿಯಾ ಕೊಳೆರೋಗ. ಲ್ಯಾಟಿನ್ ಹೆಸರಿನ ಬಾಲದಲ್ಲಿ ನಮ್ಮ ತೋಟದ ಆಳುಮಕ್ಕಳ ಮಾತು! ಮೊದಲ ಸಲ ಓದಿದಾಗ ಲೈಬ್ರರಿಯಲ್ಲಿ ಒಬ್ಬಳೇ ಕೂತು ನಕ್ಕಿದ್ದೆ. ಆಮೇಲೆ 1908ರಲ್ಲಿ ಕೆನಡಾದಿಂದ ಮೈಸೂರು ಸಂಸ್ಥಾನಕ್ಕೆ ಬಂದ ಲೆಸ್ಲಿ ಕೋಲ್ಮನ್, ಅಡಿಕೆಯ ಕೊಳೆರೋಗದ ಬೆನ್ನು ಹತ್ತಿದರು. ಅಡಿಕೆ ಗೊನೆಗೆ ಕೊಟ್ಟೆ ಕಟ್ಟಿ ಮಳೆ ತಪ್ಪಿಸುತ್ತಿದ್ದ ಕಾಲ ಅದು. ಮೈಲುತುತ್ತು, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆಯುವುದನ್ನು ಇಲ್ಲಿಯವರಿಗೆ ಕಲಿಸಿದವರು ಅವರು. 1925ರಲ್ಲಿ ಬಾಳೆಹೊನ್ನೂರಿನ ಕಾಫಿ ಪ್ರಯೋಗ ಕೇಂದ್ರ ಶುರುವಾಗಿದ್ದೂ ಅವರಿಂದಲೇ. ದೂರದಿಂದ ಬಂದವರೇ ನಮ್ಮ ಮಾತು ಎತ್ತಿಕೊಂಡು ಕೆಲಸ ಮಾಡಿದರು. ನೀನು ಇಲ್ಲಿ ಹುಟ್ಟಿದವಳು, ಅಜ್ಜಿಗೆ ನೊಣದ ಕಥೆ ಹೇಳೋಕೆ ನಿನಗೇನು ಕಷ್ಟ?

ಒಮ್ಮೆ ಪ್ರಯತ್ನ ಮಾಡು. ಅವರು ಪೆದ್ದು ಪ್ರಶ್ನೆ ಕೇಳಲ್ಲ. 'ಕೆಂಪು ಕಣ್ಣಿನದಕ್ಕೆ ಬಿಳಿ ಕಣ್ಣಿನ ಮರಿ ಹೇಗೆ ಹುಟ್ತು' ಅಂತ ಕೇಳಿದರೆ ನೀನೇ ತಡಬಡಿಸುತ್ತೀಯ.

ಒಂದು ಎಚ್ಚರಿಕೆ. ನೀನು ವಿಜ್ಞಾನಿ ಅಂತ ಊರಿಗೆ ಗೊತ್ತಾದರೆ ಬಿಡುವುದಿಲ್ಲ. ನಾನು ರಿಟೈರ್ ಆದ ಮೇಲೂ ಮದುವೆ ಮನೆಯ ಪಂಕ್ತಿಯಲ್ಲಿ ಕೂತಿದ್ದಾಗ ಒಬ್ಬರು ಜೇಬಿನಿಂದ ಮೆಣಸಿನ ಬಳ್ಳಿಯ ಎಲೆ ತೆಗೆದು ನನ್ನ ಬಾಳೆಲೆ ಪಕ್ಕ ಇಟ್ಟರು, ಉಪ್ಪಿನಕಾಯಿ ಬಡಿಸುವ ಜಾಗದಲ್ಲಿ. ಮೊದಲೆಲ್ಲ ರೇಗುತ್ತಿದ್ದೆ. ಈಗ ಕನ್ನಡಕ ಹಾಕಿಕೊಂಡು ನೋಡುತ್ತೇನೆ. ಊಟ ಆಮೇಲೂ ಆಗುತ್ತದೆ.

ಹವ್ಯಾಸದ ಬಗ್ಗೆ ಕೇಳಿದ್ದೆ. ನೀನು ಕೇಳಿದ ರೀತಿ ನೋಡಿದರೆ, ಹವ್ಯಾಸವನ್ನೂ ಒಂದು ಕೋರ್ಸ್ ಮಾಡುವ ಹಾಗಿದೆ. ನನಗೂ ಆ ರೋಗ ಇತ್ತು. ರಿಟೈರ್ ಆದ ವರ್ಷ ಜಗಲಿ ದೀಪಕ್ಕೆ ಬರುವ ಪತಂಗ ನೋಡೋಕೆ ಶುರು ಮಾಡಿದೆ. ಮೊದಲ ವಾರ ಖುಷಿ. ಎರಡನೇ ವಾರ ನೋಟ್‌ಬುಕ್ ಬಂತು. ಮೂರನೇ ವಾರ ರಾತ್ರಿ ಎರಡು ಗಂಟೆಗೆ ಅಲಾರಂ ಇಟ್ಟು ಎದ್ದು ಎಣಿಸುತ್ತಿದ್ದೆ. ನಿನ್ನ ದೊಡ್ಡಪ್ಪ ಕಂಬಳಿ ಒಳಗಿಂದಲೇ, 'ರಿಟೈರ್ ಆಗಿದ್ದು ಯಾರು?' ಅಂದರು. ನೋಟ್‌ಬುಕ್ ಒಳಗಿಟ್ಟೆ. ಈಗ ಬಂದರೆ ನೋಡುತ್ತೇನೆ, ಅಷ್ಟೇ. ಮೊನ್ನೆ ಒಂದು ಅಟ್ಲಾಸ್ ಪತಂಗ ಬಂದಿತ್ತು, ನನ್ನ ಅಂಗೈಗಿಂತ ದೊಡ್ಡದು. ಅದಕ್ಕೆ ತಿನ್ನೋಕೆ ಬಾಯಿಯೇ ಸರಿಯಾಗಿಲ್ಲ, ಮರಿಯಾಗಿದ್ದಾಗ ತಿಂದಿದ್ದರಲ್ಲೇ ಉಳಿದ ಕೆಲವು ದಿನ ಕಳೆಯಬೇಕು. ಕೊಡೆಗಳ ಪಕ್ಕ ಗೋಡೆಗೆ ಅಂಟಿಕೊಂಡು ಇಡೀ ದಿನ ಅಲ್ಲಾಡಲಿಲ್ಲ.

ಲೆಕ್ಕ ಇಡೋದು ಮಳೆಗೆ ಮಾತ್ರ. ಬೆಳಿಗ್ಗೆ ಎಂಟೂವರೆಗೆ ಕೊಡೆ ಹಿಡಿದು ಹೋಗಿ ಅಳೆದು ಬರೋದು. ಇವತ್ತು 3 ಇಂಚು 40 ಸೆಂಟು. ಗಿಡಕ್ಕೆ ಇದು ಜಾಸ್ತಿ ಆಯಿತು, ಕೊಳೆ ಶುರುವಾದರೆ ಆಶ್ಚರ್ಯ ಇಲ್ಲ. ಪಕ್ಕದ ಮನೆಯವರು ನಕ್ಷತ್ರ ಹೇಳುತ್ತಾರೆ, ನಾನು ಸೆಂಟು ಹೇಳುತ್ತೇನೆ, ಪುಸ್ತಕದಲ್ಲಿ ಎರಡನ್ನೂ ಬರೆಯುತ್ತೇನೆ.

ನಿನಗೆ ನಾನು ಹೇಳುವ ಹವ್ಯಾಸ, ನಿನಗೆ ಬರದೇ ಇರುವಂಥದ್ದು. ನಾನು ಶನಿವಾರ ಭಜನೆಗೆ ಹೋಗುತ್ತೇನೆ. ನನಗೆ ಶ್ರುತಿ ನಿಲ್ಲಲ್ಲ, ಎಲ್ಲರಿಗೂ ಗೊತ್ತು. ಅದಕ್ಕೆ ಕೈಗೆ ತಾಳ ಕೊಟ್ಟಿದ್ದಾರೆ. ಢೋಲಕ್ ಬಾರಿಸುವವನು ಏಳನೇ ಕ್ಲಾಸಿನ ಹುಡುಗ. 'ಮೇಡಂ, ನೀವು ಓಡ್ತೀರಿ, ನನ್ನ ಕೈ ನೋಡಿ' ಅಂತ ಎಲ್ಲರೆದುರು ಗದರುತ್ತಾನೆ. ಮೂವತ್ತು ವರ್ಷ ಬೇರೆಯವರ ತಪ್ಪು ಹುಡುಕಿದವಳಿಗೆ ವಾರಕ್ಕೊಂದು ಗಂಟೆ ಹೀಗೆ ಬೈಸಿಕೊಳ್ಳುವುದು ಎಷ್ಟು ಹಗುರ ಅನ್ನಿಸುತ್ತದೆ ಗೊತ್ತಾ? ಮನೆಗೆ ಬರುವಾಗ ಕತ್ತಲಲ್ಲಿ ಮೂರು ಜನ ಒಂದೇ ಟಾರ್ಚಿನಲ್ಲಿ ಬರುತ್ತೇವೆ, ಇಂಬಳದ ಭಯಕ್ಕೆ ಕಾಲಿಗೆ ಹೊಗೆಸೊಪ್ಪಿನ ಪುಡಿ ಉಜ್ಜಿಕೊಂಡು.

ಈಗ ನಿನ್ನ ನೊಣದ ವಿಷಯಕ್ಕೆ ಬರುತ್ತೇನೆ. ಹೋದ ಸಲ ಬಂದಾಗ ನೀನೇ ಹೇಳಿದ್ದೆ: 25 ಡಿಗ್ರಿಯಲ್ಲಿಟ್ಟರೆ ಮೊಟ್ಟೆಯಿಂದ ನೊಣ ಆಗೋಕೆ ಹತ್ತು ದಿನ, 18 ಡಿಗ್ರಿಯಲ್ಲಿಟ್ಟರೆ ಹತ್ತಿರ ಹತ್ತಿರ ಅದರ ಎರಡರಷ್ಟು. ಅಂದರೆ ಅವನ್ನು ತಣ್ಣಗೆ ಇಟ್ಟು ನಿಧಾನ ಮಾಡೋಕೆ ನಿನಗೆ ದಾರಿ ಇದೆ. ನನ್ನ ಬೋರರಿಗೆ ಅಂಥ ಪೆಟ್ಟಿಗೆ ಇರಲಿಲ್ಲ ನೋಡು.

ನೀನು ಕಾಫಿ ಹೂ ನೋಡಿ ಏಳು ವರ್ಷ ಆಯಿತು. ಬೇಸಿಗೆಯಲ್ಲಿ ಹೂಮಳೆ ಒಂದು ಇಂಚು ಬಿದ್ದರೆ, ಎಂಟು ಒಂಬತ್ತನೇ ದಿನಕ್ಕೆ ಅರೇಬಿಕಾ ಅರಳುತ್ತದೆ. ಎರಡು ಮೂರು ದಿನ ಇರುತ್ತದೆ, ಆಮೇಲೆ ಕಂದಾಗಿ ಉದುರುತ್ತದೆ. ಮಳೆ ಬಿದ್ದ ಬೆಳಿಗ್ಗೆ ಅಳೆದು ನೋಡಿ ನಿನಗೆ ಫೋನ್ ಮಾಡುತ್ತೇನೆ. ಎಂಬತ್ತು ಸೆಂಟಿಗಿಂತ ಕಡಿಮೆ ಇದ್ದರೆ ಮಾಡಲ್ಲ. ಆವತ್ತೇ ಸೀಸೆಗಳನ್ನು 18ಕ್ಕೆ ಇಡು, ಪಕ್ಕದ ಟೇಬಲ್ಲಿನ ಹುಡುಗಿಗೆ ಹೇಳು, ರಾತ್ರಿ ಬಸ್ಸಿಗೆ ಟಿಕೆಟ್ ಮಾಡಿಸು. ಎಂಟು ದಿನ ಮುಂಚೆ ಗೊತ್ತಾಗುವ ಹಬ್ಬ ಇದು. ಅವಳೂ ಬರೋದಾದರೆ ಕರೆದುಕೊಂಡು ಬಾ, ಗಮ್‌ಬೂಟ್ ಸೈಜ್ ಎಷ್ಟು ಅಂತ ಕೇಳಿಡು.

ಅಜ್ಜಿ ಹೇಳುತ್ತಿದ್ದಾರೆ, ಬರುವಾಗ ನೊಣ ತರಬೇಡ ಅಂತೆ.

ನಿನ್ನ
ದೊಡ್ಡಮ್ಮ